ಟೇಪಕ್ಕ ಅಳಿಸಿದ ಒಂಬತ್ತು ಕಂತುಗಳು

ಟೆಲಿವಿಷನ್ ಕೇಂದ್ರದ ನೆಲಮಾಳಿಗೆಯಲ್ಲಿ ಟೇಪು ಕೋಣೆ ಇತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಸ್ವೆಟರ್ ಹಾಕಿಕೊಂಡೇ ಕೂರಬೇಕು. ಟೇಪುಗಳಿಗೆ ತಂಪು ಬೇಕು. ಅವುಗಳನ್ನು ಕಾಯುವವರಿಗೆ ನೆಗಡಿಯಾದರೆ ಅದು ಕೇಂದ್ರದ ತಲೆನೋವಲ್ಲ. ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತವಳನ್ನು ಎಲ್ಲರೂ ಟೇಪಕ್ಕ ಎನ್ನುತ್ತಿದ್ದರು. ಅವಳು ಬೆರಳಚ್ಚು ಕೆಲಸಕ್ಕೆಂದು ಸೇರಿದವಳು. ರಜೆಯ ಮೇಲೆ ಹೋದ ಯಾರದೋ ಜಾಗಕ್ಕೆ ಹದಿನೈದು ದಿನದ ಮಟ್ಟಿಗೆ ಕೆಳಗಿಳಿದವಳು ಮತ್ತೆ ಮೇಲೆ ಹತ್ತಲೇ ಇಲ್ಲ.

ಸ್ಟುಡಿಯೋದಿಂದ ಬಂದ ಪ್ರತಿ ಟೇಪನ್ನೂ ಮೊದಲು, ನಡುವೆ, ಕೊನೆ ಎಂದು ಮೂರು ಕಡೆ ಎರಡೆರಡು ನಿಮಿಷ ಓಡಿಸಿ ನೋಡಿ, ಚೀಟಿ ಅಂಟಿಸಿ, ಕಪಾಟಿಗೆ ಸೇರಿಸುವುದು ಅವಳ ಕೆಲಸ. ಆರು ನಿಮಿಷದ ಮೇಲೆ ಒಂದು ಗಳಿಗೆಯನ್ನೂ ಯಾವ ಟೇಪಿಗೂ ಕೊಟ್ಟವಳಲ್ಲ. 'ಅಲ್ಲಾಡಬೇಡಿ' ಎಂಬ ಹಾಸ್ಯ ಧಾರಾವಾಹಿಯನ್ನು ಮಾತ್ರ ಇಪ್ಪತ್ತಾರು ಕಂತೂ ಪೂರ್ತಿ ನೋಡಿದಳು.

ಅದೊಂದು ಫೋಟೋ ಸ್ಟುಡಿಯೋದ ಕಥೆ. ನಡೆಸುವ ಅಣ್ಣ ತಮ್ಮಂದಿರಿಗೆ ಮಾತು ಬಿಟ್ಟು ಹನ್ನೊಂದು ವರ್ಷ. ಇರುವುದು ಒಂದೇ ಕೋಣೆ, ಒಂದೇ ಕ್ಯಾಮೆರಾ. ಹಾಗಾಗಿ ಫೋಟೋ ತೆಗೆಸಲು ಬಂದವರ ಮೂಲಕವೇ ಮಾತುಕತೆ. "ಲೈಟು ಸ್ವಲ್ಪ ಎಡಕ್ಕೆ ತಿರುಗಿಸೋಕೆ ನಿಮ್ಮ ಪಕ್ಕದಲ್ಲಿರೋ ಮಹಾನುಭಾವರಿಗೆ ಹೇಳಿ" ಎಂದು ಅಣ್ಣ. "ಬಲಕ್ಕೆ ತಿರುಗಿಸಿದ್ರೇನೇ ನಿಮ್ಮ ಮೂಗು ಮೂಗಿನ ಥರ ಕಾಣೋದು ಅಂತ ಅವರಿಗೆ ತಿಳಿಸಿ" ಎಂದು ತಮ್ಮ. ಸ್ಟೂಲಿನ ಮೇಲೆ ಕೂತ ಪಾಪದ ಗಿರಾಕಿ ಬಾಯಿ ತೆರೆದರೆ ಇಬ್ಬರೂ ಒಂದೇ ದನಿಯಲ್ಲಿ, "ಅಲ್ಲಾಡಬೇಡಿ!" ನೆಲಮಾಳಿಗೆಯಲ್ಲಿ ಒಬ್ಬಳೇ ಕೂತು ಟೇಪಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಧಾರಾವಾಹಿ ಮಧ್ಯಾಹ್ನ ಮೂರು ಗಂಟೆಗೆ ಬರುತ್ತಿತ್ತು. ಕೆಲಸಕ್ಕೆ ಹೋದವರು ಮನೆಗೆ ಬಂದಿರದ, ಮನೆಯಲ್ಲಿದ್ದವರು ಕಣ್ಣುಮುಚ್ಚಿರುವ ಹೊತ್ತು. ಟೇಪಕ್ಕನ ಅತ್ತೆಯೊಬ್ಬರೇ ನಿದ್ದೆಗೆಟ್ಟು ನೋಡುತ್ತಿದ್ದರು. ಉಳಿದಂತೆ ಅದು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಅದು ಮುಗಿದ ಎರಡನೇ ವರ್ಷ ದೊಡ್ಡ ಕ್ರೀಡಾಕೂಟವೊಂದು ಬಂತು. ಹೊಸ ಟೇಪುಗಳು ಸಾಲದೆ, ಹಳೆಯವನ್ನು ಅಳಿಸಿ ಬಳಸಬೇಕೆಂದು ತೀರ್ಮಾನವಾಯಿತು. ಕಾರ್ಯಕ್ರಮಾಧಿಕಾರಿ ಒಂದು ಪಟ್ಟಿ ಹಿಡಿದು ತಾನೇ ಕೆಳಗಿಳಿದು ಬಂದ.

"ಸರ್, ಇದಕ್ಕೆ ಇನ್ನೊಂದು ಪ್ರತಿ ಇಲ್ಲ," ಎಂದಳು ಟೇಪಕ್ಕ, 'ಅಲ್ಲಾಡಬೇಡಿ' ಎಂಬ ಸಾಲಿನ ಮೇಲೆ ಬೆರಳಿಟ್ಟು.

"ನೋಡೋರೂ ಇರ್ಲಿಲ್ವಲ್ಲಮ್ಮ."

"ಮೂರು ಗಂಟೆಗೆ ಹಾಕಿದ್ರೆ ಯಾರು ನೋಡ್ತಾರೆ ಸರ್?"

"ಅದರಲ್ಲಿ ನಗೋ ಸದ್ದೇ ಸೇರಿಸಿಲ್ಲ. ಎಲ್ಲಿ ನಗ್ಬೇಕು ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು? ಶನಿವಾರ ಸಂಜೆ ಒಳಗೆ ಇಪ್ಪತ್ತಾರೂ ಖಾಲಿ ಇರ್ಬೇಕು, ಅಷ್ಟೇ."

ಅಳಿಸುವ ಯಂತ್ರ ಒಂದು ಕಬ್ಬಿಣದ ಪೆಟ್ಟಿಗೆ. ಒಳಗೆ ಭಾರೀ ಅಯಸ್ಕಾಂತ. ಹತ್ತಿರ ಹೋಗುವ ಮುಂಚೆ ಕೈಗಡಿಯಾರ ಬಿಚ್ಚಿಡಬೇಕು, ಇಲ್ಲದಿದ್ದರೆ ಅದೂ ನಿಂತುಹೋಗುತ್ತದೆ. ಒಂದು ಬದಿಯಿಂದ ತೂರಿಸಿದ ಟೇಪು ಗುಂಯ್‌ಗುಡುತ್ತ ಇನ್ನೊಂದು ಬದಿಯಿಂದ ಹೊರಬರುವಷ್ಟರಲ್ಲಿ ಅದರಲ್ಲಿ ಏನೂ ಉಳಿದಿರುವುದಿಲ್ಲ. ಒಂದಕ್ಕೆ ಹನ್ನೆರಡು ಸೆಕೆಂಡು. ಶುಕ್ರವಾರ ಟೇಪಕ್ಕ ಪಟ್ಟಿಯ ಬೇರೆಲ್ಲ ಟೇಪುಗಳನ್ನು ಮುಗಿಸಿ, ಅಳಿಸಲು ಇನ್ನೇನೂ ಉಳಿದಿಲ್ಲ ಎಂದಾದ ಮೇಲೆ 'ಅಲ್ಲಾಡಬೇಡಿ'ಗೆ ಕೈ ಹಾಕಿದಳು. ಒಂದನೇ ಕಂತಿನಿಂದ ಒಂಬತ್ತನೆಯದರವರೆಗೆ. ಆಮೇಲೆ ಕೈ ಏಳಲಿಲ್ಲ. ಸಂಜೆ ಮನೆಗೆ ಹೋದಾಗ ಅತ್ತೆ ಎಂದಿನಂತೆ, "ಆ ಅಣ್ಣ ತಮ್ಮಂದಿರದ್ದು ಮತ್ತೆ ಹಾಕಲ್ವೇನೇ ನಿಮ್ಮೋರು?" ಎಂದು ಕೇಳಿದರು. "ಗೊತ್ತಿಲ್ಲ ಅತ್ತೆ," ಎಂದು ಸೊಸೆ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದಳು.

ಶನಿವಾರ ಕ್ರೀಡಾಕೂಟದ ನೇರ ಪ್ರಸಾರ ಶುರುವಾಗಿತ್ತು. ಮಧ್ಯಾಹ್ನ ಮೂರೂಕಾಲಿಗೆ ಟೇಪಕ್ಕ ಹತ್ತನೇ ಕಂತನ್ನು ಯಂತ್ರದ ಬಾಯಿಗೆ ಹಿಡಿದಿದ್ದಳು. ಮೇಲಿನ ಕಂಟ್ರೋಲ್ ರೂಮಿನಿಂದ ಇಂಟರ್‌ಕಾಮ್ ಕಿರುಚಿತು. ಇಂಜಿನಿಯರ್.

"ಟೇಪಕ್ಕ, ಮೈದಾನದ ಲೈನ್ ಸತ್ತುಹೋಯ್ತು! ಪರದೆ ಕಪ್ಪಾಗಿದೆ! ಅರ್ಧ ಗಂಟೆದು ಏನಾದ್ರೂ ತಗೊಂಡು ಓಡಿ ಬನ್ನಿ!"

ಇಂಥ ಹೊತ್ತಿಗೆಂದೇ ಇಟ್ಟಿದ್ದ ನಾಲ್ಕು ಟೇಪುಗಳನ್ನು ಅಧಿಕಾರಿ ಗುರುವಾರವೇ ಅವಳಿಂದ ಅಳಿಸಿಸಿ ಒಯ್ದಿದ್ದ. ಹಿಂದೆ ಕಪಾಟುಗಳ ತುಂಬ ಬೇರೆ ಟೇಪುಗಳಿದ್ದವು, ನಿಜ. ಬೇರೆ ಹುಡುಕಲು ಸಮಯವಿರಲಿಲ್ಲ ಎಂದು ಅವಳು ಆಮೇಲೆ ಬರೆದುಕೊಟ್ಟಳು. ಅದು ಮುಕ್ಕಾಲು ಪಾಲು ಮಾತ್ರ ನಿಜ. ಕೈಯಲ್ಲಿದ್ದ ಹತ್ತನೇ ಕಂತನ್ನು ಎದೆಗವಚಿಕೊಂಡು ಓಡಿದಳು.

ಲಿಫ್ಟು ಐದನೇ ಮಹಡಿಯಲ್ಲಿ ನಿಂತಿತ್ತು. ಮೆಟ್ಟಿಲು ಹತ್ತಿದಳು. ಮೊದಲ ಮಹಡಿಯ ತಿರುವಿನಲ್ಲಿ ಚಪ್ಪಲಿ ಜಾರಿತು, ಅಲ್ಲೇ ಬಿಟ್ಟಳು. ಟೇಪು ಕೆಳಗೆ ಬಿದ್ದರೆ ಮುಗಿಯಿತು ಎಂಬುದೊಂದೇ ತಲೆಯಲ್ಲಿ. ಎರಡನೇ ಮಹಡಿಯ ಬಾಗಿಲಲ್ಲಿ ಇಂಜಿನಿಯರ್ ಕೈ ಚಾಚಿ ನಿಂತಿದ್ದ. ಪರದೆ ಕಪ್ಪಾಗಿ ಅಷ್ಟರಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡು. ಅವನು ಚೀಟಿಯನ್ನು ಓದಲೂ ಇಲ್ಲ, ಟೇಪನ್ನು ತುರುಕಿ ಗುಂಡಿ ಒತ್ತಿದ. ಗೋಡೆಯ ಅಷ್ಟೂ ಪರದೆಗಳಲ್ಲಿ ಫೋಟೋ ಸ್ಟುಡಿಯೋ ಮೂಡಿತು.

ನಾಲ್ಕನೇ ನಿಮಿಷಕ್ಕೆ ಅಧಿಕಾರಿಯ ಫೋನು. ದನಿ ರಿಸೀವರಿನಿಂದ ಹೊರಗೂ ಕೇಳುತ್ತಿತ್ತು. "ಏನ್ರೀ ಅದು? ತೆಗೀರಿ! ಈಗ್ಲೇ ತೆಗೀರಿ!"

ಇಂಜಿನಿಯರ್ ಟೇಪಕ್ಕನ ಮುಖ ನೋಡಿದ. ಅವಳು ಗೋಡೆಗೊರಗಿ ಪರದೆಯನ್ನೇ ನೋಡುತ್ತಿದ್ದಳು.

"ತೆಗೀತೀನಿ ಸರ್," ಎಂದ ಇಂಜಿನಿಯರ್. "ಕಪ್ಪು ಪರದೆ ಬರುತ್ತೆ. ನಿಮ್ಮ ಆದೇಶದ ಮೇಲೆ ಅಂತ ಲಾಗ್ ಪುಸ್ತಕದಲ್ಲಿ ಬರ್ಕೊಳ್ಲಾ?"

ಆ ಕಡೆಯಿಂದ ಫೋನು ಕುಕ್ಕಿದ ಸದ್ದಾಯಿತು.

ಹತ್ತೊಂಬತ್ತನೇ ನಿಮಿಷಕ್ಕೆ ಮೈದಾನದ ಲೈನು ಬಂತು, ಕಂತನ್ನು ಅರ್ಧಕ್ಕೇ ಕಡಿದರು. ಅಂದು ಕೇಂದ್ರಕ್ಕೆ ಮೂವತ್ತು ಫೋನುಗಳು ಬಂದವು. ಇಪ್ಪತ್ತನಾಲ್ಕು ಜನ ಆಟ ಎಲ್ಲಿ ಹೋಯಿತೆಂದು ಬೈದರು. ಆರು ಜನ ಆ ಧಾರಾವಾಹಿ ಯಾವುದೆಂದು ಕೇಳಿದರು. ಒಬ್ಬನಂತೂ ರೇಗಿಯೇ ಬಿಟ್ಟಿದ್ದ: "ಆಟ ಆಮೇಲೆ ಹಾಕ್ರಿ. ಆ ಯಮ್ಮನ ಫೋಟೋ ತೆಗೆದ್ರೋ ಇಲ್ವೋ, ಅದನ್ನ ಹೇಳಿ ಮೊದ್ಲು!"

ಸೋಮವಾರ ಟೇಪಕ್ಕನ ಮೇಜಿನ ಮೇಲೆ ನೋಟಿಸು ಕೂತಿತ್ತು. ಅಳಿಸಲು ಆದೇಶವಾಗಿದ್ದ ಟೇಪನ್ನು ಅನುಮತಿಯಿಲ್ಲದೆ ಪ್ರಸಾರಕ್ಕೆ ಕೊಟ್ಟದ್ದೇಕೆ ಎಂದು ಮೂವರ ಸಮಿತಿಯಿಂದ ವಿಚಾರಣೆ. ಕೆಲಸ ಹೋಗಬಹುದೆಂದು ಕ್ಯಾಂಟೀನಿನಲ್ಲಿ ಮಾತಾಯಿತು. ಜತೆಯಲ್ಲಿ ಊಟಕ್ಕೆ ಕೂರುತ್ತಿದ್ದವರು ಬೇರೆ ಮೇಜು ಹಿಡಿದರು. ಅಧಿಕಾರಿ ಮತ್ತೆ ಕೆಳಗಿಳಿದು ಬಂದು ತಾನೇ ಅಳಿಸುವ ಯಂತ್ರ ಹಾಕಿದ.

"ಉಳಿದ ಹದಿನೇಳು ಇನ್ನೂ ಅಳಿಸಿಲ್ವಾ? ನನ್ನ ಮುಂದೇನೇ ಅಳಿಸಿ."

ಟೇಪಕ್ಕ ಪಟ್ಟಿಯನ್ನು ತೆಗೆದು ಅವನ ಮುಂದೆ ಹರಡಿದಳು. "ಸರ್, ಇದರ ಮೇಲೆ ವಿಚಾರಣೆ ನಡೀತಿದೆ. ಇದು ಸಾಕ್ಷಿ."

"ಸಾಕ್ಷಿ ಆ ಒಂದು ಟೇಪು. ಉಳಿದದ್ದಕ್ಕೇನು?"

"ನೀವು ಬೇರೆ ಬೇರೆ ಬರ್ದಿಲ್ಲ ಸರ್. 'ಅಲ್ಲಾಡಬೇಡಿ, ಇಪ್ಪತ್ತಾರು' ಅಂತ ಒಂದೇ ಸಾಲು. ನೋಟಿಸ್‌ನಲ್ಲೂ ಆ ಸಾಲಿನ ನಂಬರೇ ಇದೆ. ಸಾಕ್ಷಿ ಅಳಿಸಿದ್ರು ಅಂತ ನಾಳೆ ಯಾರಾದ್ರೂ ಎತ್ತಿದ್ರೆ ನಿಮ್ಮ ಮೇಲೇ ಬರುತ್ತೆ. ಅಳಿಸಿ ಅಂತ ಬರೆದುಕೊಡಿ, ಈಗ್ಲೇ ಅಳಿಸ್ತೀನಿ."

ಅವನು ಪಟ್ಟಿಯನ್ನೂ ಅವಳನ್ನೂ ನೋಡಿದ. ಯಂತ್ರ ಗುಂಯ್‌ಗುಡುತ್ತಿತ್ತು. ಜೇಬಿನಿಂದ ಪೆನ್ನು ತೆಗೆದ, ಕ್ಯಾಪು ಬಿಚ್ಚಿದ, ಮತ್ತೆ ಹಾಕಿದ. ಏನೂ ಬರೆಯದೆ ಮೆಟ್ಟಿಲು ಹತ್ತಿ ಹೋದ. ಅವನ ಹೆಜ್ಜೆಸದ್ದು ಅಡಗಿದ ಮೇಲೆ ಟೇಪಕ್ಕ ಯಂತ್ರ ಆರಿಸಿದಳು. ಹದಿನೇಳಕ್ಕೂ ಹೊಸ ಚೀಟಿ ಬರೆಯಲು ಕೂತಳು.

ವಿಚಾರಣೆ ಮುಗಿಯಲೇ ಇಲ್ಲ. ಮೂವರಲ್ಲಿ ಒಬ್ಬರು ನಿವೃತ್ತರಾದರು, ಇನ್ನೊಬ್ಬರಿಗೆ ವರ್ಗವಾಯಿತು, ಕಡತ ಮೇಜಿನಿಂದ ಮೇಜಿಗೆ ಸುತ್ತಿ ಎಲ್ಲೋ ಮಲಗಿತು. ಟೇಪಕ್ಕನಿಗೆ ಬರಬೇಕಿದ್ದ ಬಡ್ತಿ ತಪ್ಪಿತು. 'ವಿಚಾರಣೆಯಲ್ಲಿದೆ, ಮುಟ್ಟಬಾರದು' ಎಂಬ ಚೀಟಿ ಹೊತ್ತ ಹದಿನೇಳು ಟೇಪುಗಳು ಮಾತ್ರ ಕದಲಲಿಲ್ಲ. ಮುಂದೆ ಬಂದ ಅಧಿಕಾರಿಗಳು ಆ ಕಪಾಟಿನ ಸುದ್ದಿಗೇ ಹೋಗಲಿಲ್ಲ.

ಉಳಿಸಿದ ಹದಿನೇಳರ ಬಗ್ಗೆ ಬೇರೆಯವರು ಹೊಗಳಿದರೆ ಅವಳಿಗೆ ಕಿರಿಕಿರಿಯಾಗುತ್ತಿತ್ತು. ಕೊರೆಯುತ್ತಿದ್ದದ್ದು ಆ ಒಂಬತ್ತು. ನಿವೃತ್ತಳಾದ ಮರುತಿಂಗಳೇ ಪತ್ರಿಕೆಗಳ ಓದುಗರ ಅಂಕಣಕ್ಕೆ ಬರೆದಳು: ಈ ಧಾರಾವಾಹಿಯನ್ನು ಯಾರಾದರೂ ಮನೆಯಲ್ಲಿ ಕ್ಯಾಸೆಟ್‌ಗೆ ಇಳಿಸಿಕೊಂಡಿದ್ದರೆ ದಯವಿಟ್ಟು ತಿಳಿಸಿ. ಅತ್ತೆ ತೀರಿಕೊಳ್ಳುವ ಹೊತ್ತಿಗೆ ಮೂರು ಸಿಕ್ಕಿದ್ದವು. ನಾಲ್ಕು ವರ್ಷದಲ್ಲಿ ಏಳಾದವು. ಒಂದನೆಯದೂ ಐದನೆಯದೂ ಸಿಗಲಿಲ್ಲ.

ಆರನೇ ವರ್ಷ ಒಬ್ಬರು ಫೋನು ಮಾಡಿದರು. ಆಸ್ಪತ್ರೆಯೊಂದರ ಸರ್ಜರಿ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. "ಮೊದಲನೇದು ನನ್ನ ಹತ್ರ ಇದೆ. ಆದ್ರೆ ಬಚ್ಚಲುಮನೆ ಮೇಲಿನ ಅಟ್ಟದಲ್ಲಿತ್ತು. ನೋಡಿದ್ರೆ ನಿಮಗೇ ಅಳು ಬರುತ್ತೆ."

ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಾಣುತ್ತಿತ್ತು. ಹಳೆಯ ಇಂಜಿನಿಯರ್, ಈಗ ಅವನೂ ನಿವೃತ್ತ, ಅದನ್ನು ಬಿಚ್ಚಿ ಮೂರು ದಿನ ಕೈಯಿಂದಲೇ ಸುರುಳಿ ತಿರುಗಿಸುತ್ತ ಮೆತ್ತನೆ ಬಟ್ಟೆಯಲ್ಲಿ ಒರೆಸಿದ. "ಒಂದೇ ಸಲ ಓಡುತ್ತೆ ಟೇಪಕ್ಕ. ಎರಡನೇ ಸಲಕ್ಕೆ ನಾನು ಜವಾಬ್ದಾರನಲ್ಲ." ಓಡುವಾಗಲೇ ಕಂಪ್ಯೂಟರಿಗೆ ಇಳಿಯುವಂತೆ ಜೋಡಿಸಿದ. ತಾನೂ ಇರಲೇಬೇಕೆಂದು ನರ್ಸಮ್ಮ ಹಟ ಹಿಡಿದು ಬಂದರು. ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನ ಮನೆಯ ಹಜಾರದಲ್ಲಿ ಮೂವರೂ ಕೂತರು.

ಮೊದಲು ಬರೀ ಚುಕ್ಕಿಗಳು. ಆಮೇಲೆ ಸದ್ದು. ಆಮೇಲೆ ಅಣ್ಣನ ಮುಖ, ಓರೆಯಾಗಿ, ನೇರವಾಗಿ. ಯಾರೂ ನಗಲಿಲ್ಲ, ನಕ್ಕರೆ ಟೇಪು ಹರಿದೀತು ಎಂಬಂತೆ ಕೂತಿದ್ದರು. ಹದಿನಾಲ್ಕನೇ ನಿಮಿಷಕ್ಕೆ ಯಂತ್ರ ಕೀಚೆಂದಿತು. ಇಂಜಿನಿಯರ್ ಹಾರಿ ಹೋಗಿ ನಿಲ್ಲಿಸಿದ. ಮುಚ್ಚಳ ಬಿಚ್ಚಿದರೆ ಟೇಪು ಉರುಳೆಗೆ ಸುತ್ತಿಕೊಂಡು ಮುದುಡಿತ್ತು. ಅವನು ಇಕ್ಕಳ ಹಿಡಿದು ಕೂದಲೆಳೆಯಷ್ಟಷ್ಟೇ ಬಿಡಿಸತೊಡಗಿದ.

ಸುಮ್ಮನೆ ಕೂರಲಾರದೆ ನರ್ಸಮ್ಮ ಕೇಳಿದರು. "ಇದನ್ನೆಲ್ಲ ಅಳಿಸಿದ್ದು ಯಾರು ಅಂತ ಗೊತ್ತಾಯ್ತಾ? ಎಂಥ ಕಲ್ಲೆದೆ ಇರ್ಬೇಕು!"

ಇಂಜಿನಿಯರನ ಕೈ ನಿಂತಿತು. ಅವನು ತಲೆ ಎತ್ತಲಿಲ್ಲ. ಅವನಾಗಿ ಹೇಳುವವನಲ್ಲ ಎಂಬುದು ಟೇಪಕ್ಕನಿಗೆ ಗೊತ್ತಿತ್ತು.

"ನಾನೇ," ಎಂದಳು.

"ಏನು?"

"ನಾನೇ ಅಳಿಸಿದ್ದು. ಒಂಬತ್ತೂ. ಮೇಲಿನವರ ಆದೇಶ ಇತ್ತು. ಆದ್ರೂ ಅಳಿಸಿದ ಕೈ ಇದೇ."

ನರ್ಸಮ್ಮ ಎದ್ದರು. ಕೈಚೀಲ ತೆಗೆದುಕೊಂಡು ಹೋಗಿ ಕಿಟಕಿಯ ಬಳಿ ನಿಂತರು. ಕ್ಯಾಸೆಟ್ಟು ಅವರದು, ಕೊಡಿ ಎಂದರೆ ಕೊಡಲೇಬೇಕು.

"ಆರನೇ ಬೆಡ್ಡಲ್ಲಿ ಒಬ್ಬಳಿದ್ಲು," ಎಂದರು ನರ್ಸಮ್ಮ, ಹೊರಗೆ ನೋಡುತ್ತಲೇ. "ಆಪರೇಷನ್ ಆದ್ಮೇಲೆ ಹನ್ನೆರಡು ದಿನ ಒಂದು ಮಾತಿಲ್ಲ, ಕತೆಯಿಲ್ಲ. ವಾರ್ಡಿನ ಟೀವೀಲಿ ಈ ಕ್ಯಾಸೆಟ್ ಹಾಕ್ದೆ. ನಕ್ಕಳು ನೋಡಿ, ನಕ್ಕು ನಕ್ಕು ಎರಡು ಹೊಲಿಗೆ ಬಿಚ್ಕೊಂಡ್ಲು. ಡಾಕ್ಟ್ರು ನನ್ನ ಜನ್ಮ ಜಾಲಾಡಿದ್ರು. ಇನ್ನೊಂದ್ಸಲ ಇದನ್ನ ಕಂಡ್ರೆ ಕೆಲಸದಿಂದ ತೆಗೀತೀನಿ ಅಂದ್ರು. ಅವತ್ತೇ ಅಟ್ಟಕ್ಕೆಸೆದೆ. ನಾನೂ ಹೆದರಿಕೊಂಡೋಳೇ." ವಾಪಸು ಬಂದು ಕೂತರು. ಕೈಚೀಲ ಮಡಿಲಲ್ಲೇ ಇತ್ತು. "ಆಯ್ತೇನಪ್ಪಾ? ಹಾಕಿ ಮತ್ತೆ."

ಟೇಪು ಮತ್ತೆ ಓಡಿತು. ಮುದುಡಿದ ಜಾಗದಲ್ಲಿ ಹನ್ನೊಂದು ಸೆಕೆಂಡು ಹೋಗಿತ್ತು. ಉಳಿದದ್ದು ಕೊನೆಯವರೆಗೂ ಬಂತು. ನೋಡುತ್ತ ನೋಡುತ್ತ ಮೊದಲು ನಕ್ಕವರು ನರ್ಸಮ್ಮ.

ಕೇಂದ್ರದವರು ಈಗ ಇಪ್ಪತ್ತೈದು ಕಂತುಗಳನ್ನೂ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ನೋಡಿದವರು ಲಕ್ಷಗಟ್ಟಲೆಯೇನಿಲ್ಲ, ಕೆಲವು ಸಾವಿರ. ಆದರೆ ನೋಡಿದವರು ಪೂರ್ತಿ ನೋಡುತ್ತಾರೆ, ಇನ್ನೊಬ್ಬರಿಗೆ ಹೇಳುತ್ತಾರೆ. ಅದನ್ನು ಹಾಕುವ ಮುಂಚೆ ಕೇಂದ್ರದ ಹೊಸ ಅಧಿಕಾರಿಗೂ ಟೇಪಕ್ಕನಿಗೂ ಫೋನಿನಲ್ಲಿ ಜಟಾಪಟಿಯಾಯಿತು. ಐದನೇ ಕಂತಿನ ಜಾಗದಲ್ಲಿ 'ಲಭ್ಯವಿಲ್ಲ' ಎಂದು ಹಾಕುತ್ತೇವೆ ಎಂದರು ಅವರು.

"ಲಭ್ಯವಿಲ್ಲ ಅಂದ್ರೆ ಎಲ್ಲೋ ಇದೆ, ಸಿಗ್ತಿಲ್ಲ ಅಂತ ಅರ್ಥ ಮೇಡಂ," ಎಂದಳು ಟೇಪಕ್ಕ. "ಆಗಿದ್ದು ಅದಲ್ಲ. ಆಗಿದ್ದನ್ನೇ ಹಾಕಿ. ಇಲ್ಲಾಂದ್ರೆ ನಾನು ಹುಡುಕಿದ ಎಂಟನ್ನೂ ಕೊಡಲ್ಲ."

ಎರಡು ದಿನ ಬಿಟ್ಟು ಅವರು ಒಪ್ಪಿದರು. ಆ ಜಾಗದಲ್ಲಿ ಈಗ ಒಂದು ಸಾಲಿದೆ: 'ಐದನೇ ಕಂತನ್ನು ನಮ್ಮ ಕೇಂದ್ರದಲ್ಲೇ ಅಳಿಸಲಾಯಿತು.'