ಮರದ ಹೊಟ್ಟೆಗೆ ಸಿಮೆಂಟು

ಮರ ಮೊದಲ ಸಲ ಸದ್ದು ಮಾಡಿದಾಗ ಮಕ್ಕಳು ಮಧ್ಯಾಹ್ನದ ಊಟ ಮುಗಿಸಿ ಮಲಗಿದ್ದರು. ಹಳೆಯ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಹರಿದಂಥ ಸದ್ದು. ಗಾಳಿ ಇರಲಿಲ್ಲ. ಬಾಗಿಲ ಬಳಿ ಕೂತು ಯಾವುದೋ ಮಗುವಿನ ಚಡ್ಡಿಗೆ ಗುಂಡಿ ಹಚ್ಚುತ್ತಿದ್ದ ಮೇಸ್ತ್ರಿಯ ಹೆಂಡತಿ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಚಾವಣಿ ನೋಡಿದರು. ಹೆಂಚು ಸರಿಯಾಗಿಯೇ ಇತ್ತು. ಹೆಂಚಿನ ಮೇಲೆ ನೇರಳೆ ಮರದ ಅರ್ಧ ಭಾರ ವಾಲಿಕೊಂಡಿತ್ತು.

"ಕೇಳಿಸ್ತಾ?"

ಅಂಗಳದಲ್ಲಿ ಗಾರೆ ಮೆತ್ತುವ ಕರಣೆ ತೊಳೆಯುತ್ತಿದ್ದ ಮೇಸ್ತ್ರಿ "ಏನು?" ಎಂದರು.

"ಕೇಳಿಸಿದೆ ನಿಮಗೆ. ಮುಖ ನೋಡಿದ್ರೆ ಗೊತ್ತಾಗುತ್ತೆ."

ಮೇಸ್ತ್ರಿ ಗಾರೆ ಕೆಲಸದವರು. ಊರಿನ ಅರ್ಧ ನೆಲ ಅವರು ಹಾಕಿದ್ದು, ಇನ್ನರ್ಧವನ್ನು ನೋಡಿ ಅವರು ಮೂಗು ಮುರಿದದ್ದು. ಹೊರಗೆ ಕೆಲಸವಿಲ್ಲದ ದಿನ ಮನೆಯೊಳಗೆ ಅವರ ಕೈ ಸುಮ್ಮನಿರುವುದಿಲ್ಲ. ಮುರಿದ ಮಂಚದ ಕಾಲು, ಸೋರುವ ಬಾನಿ, ಹಿಡಿ ಕಳೆದುಕೊಂಡ ಸುತ್ತಿಗೆ, ಎಲ್ಲಕ್ಕೂ ಸಿಮೆಂಟೇ ಮದ್ದು. "ನಂಗೆ ತಲೆನೋವು ಅಂತ ಇವರ ಹತ್ರ ಹೇಳೋ ಹಾಗಿಲ್ಲ, ಹಣೆಗೂ ಮೆತ್ತಿಬಿಡ್ತಾರೆ" ಎಂದು ಹೆಂಡತಿ ಬಂದವರ ಮುಂದೆ ಆಡಿಕೊಳ್ಳುತ್ತಾರೆ. ಹೊಲಿಗೆ ಕಾರ್ಖಾನೆಗೆ ಹೋಗುವ ಹೆಂಗಸರು ತಮ್ಮ ಮಕ್ಕಳನ್ನು ಬೆಳಿಗ್ಗೆ ಆಕೆಯ ಬಳಿ ಬಿಟ್ಟು ಸಂಜೆ ಕರೆದೊಯ್ಯುತ್ತಾರೆ. ಮಕ್ಕಳಿಗೆ ಆಕೆ ದೊಡ್ಡಮ್ಮ. ದೊಡ್ಡವರೂ ಹಾಗೆಯೇ ಕರೆಯುತ್ತಾರೆ.

ನೇರಳೆ ಮರ ಆ ಮನೆಗಿಂತ ಹಳೆಯದು. ಹಣ್ಣಿನ ಕಾಲದಲ್ಲಿ ಮಕ್ಕಳ ನಾಲಿಗೆ, ಅಂಗಿ, ಗೋಡೆ ಎಲ್ಲ ಒಂದೇ ಬಣ್ಣವಾಗುತ್ತಿತ್ತು. ಕೆಲವು ವರ್ಷಗಳ ಹಿಂದೆ ದೊಡ್ಡ ಕೊಂಬೆಯೊಂದು ಮುರಿದು, ಆ ಜಾಗದಿಂದ ಬುಡದವರೆಗೆ ಪೊಟರೆಯಾಯಿತು. ಅದರೊಳಗೆ ಬಚ್ಚಿಟ್ಟುಕೊಂಡ ಮಗುವೊಂದಕ್ಕೆ ಇರುವೆ ಮುತ್ತಿ ಮೈಯೆಲ್ಲ ಊದಿಕೊಂಡಾಗ ಮೇಸ್ತ್ರಿ ತಮಗೆ ಗೊತ್ತಿದ್ದ ಚಿಕಿತ್ಸೆ ಮಾಡಿದರು. ಪೊಟರೆಯನ್ನು ಕೆರೆದು, ಒಳಗೆ ಕಬ್ಬಿಣದ ಸರಳುಗಳನ್ನು ಅಡ್ಡಡ್ಡ ಸಿಕ್ಕಿಸಿ, ಜಲ್ಲಿ ಸಿಮೆಂಟು ತುಂಬಿದರು. ಅಲ್ಲಿಗೇ ನಿಲ್ಲಿಸಿದ್ದರೆ ಮರ ಇನ್ನಷ್ಟು ಕಾಲ ಬಾಳುತ್ತಿತ್ತೇನೋ. ಆದರೆ ಹಸಿ ಕಾಂಕ್ರೀಟಿಗೆ ನೀರುಣಿಸದೆ ಬಿಡುವ ಗಾರೆಯವರು ಎಲ್ಲೂ ಇಲ್ಲ. ಗೋಣಿ ಸುತ್ತಿ, ಬೆಳಿಗ್ಗೆ ಸಂಜೆ ಬಕೆಟ್ಟುಗಟ್ಟಲೆ ನೀರು ಹೊಯ್ದರು. ನೀರು ಸಿಮೆಂಟಿಗೂ ಹೋಯಿತು, ಅದರ ಹಿಂದಿನ ಮರಕ್ಕೂ ಹೋಯಿತು. ಕೊನೆಗೆ ಕರಣೆಯ ತುದಿಯಿಂದ ತೊಗಟೆಯ ಗೆರೆ ಎಳೆದು, ಬಣ್ಣ ಬೆರೆಸಿ, ಮರ ಎಲ್ಲಿ ಮುಗಿದು ಗಾರೆ ಎಲ್ಲಿ ಶುರುವಾಗುತ್ತದೆಂದು ತಿಳಿಯದಂತೆ ಮಾಡಿದರು. ಜನ ಬಂದು ನೋಡಿ ಹೋದರು. ಅವರ ಯಾವ ನೆಲವನ್ನೂ ಯಾರೂ ಹಾಗೆ ಬಂದು ನೋಡಿರಲಿಲ್ಲ.

ಈಗ ಮೇಸ್ತ್ರಿ ಆ ಗೆರೆಗಳ ಮೇಲೆ ಕೈಯಾಡಿಸಿದರು. ಗಾರೆಗೂ ಮರಕ್ಕೂ ನಡುವೆ ಸೀಳು ಬಿಟ್ಟಿತ್ತು. ಕರಣೆಯನ್ನು ಮೆಲ್ಲಗೆ ತೂರಿಸಿದರು. ಅದು ಹಿಡಿಯವರೆಗೆ ಒಳಗೆ ಹೋಯಿತು, ಬೆಣ್ಣೆಗೆ ಹೋದಂತೆ. ಹೊರಗೆಳೆದಾಗ ಕಪ್ಪು ಹಿಟ್ಟು ಅಂಟಿಕೊಂಡು ಬಂತು. ಅಣಬೆಯ ವಾಸನೆ.

"ಮಕ್ಕಳನ್ನ ಎಬ್ಬಿಸು" ಎಂದರು. "ಸದ್ದು ಮಾಡ್ಬೇಡ."

ತಾವು ಮಾಡುವ ಸದ್ದಿಗೆ ಮರ ಬೀಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ದೊಡ್ಡಮ್ಮ ಒಂದೊಂದೇ ಮಗುವನ್ನು ಎತ್ತಿಕೊಂಡು, ತುದಿಗಾಲಲ್ಲಿ, ಉಸಿರು ಬಿಗಿಹಿಡಿದು, ಎದುರು ಮನೆಯ ಜಗುಲಿಗೆ ಸಾಗಿಸಿದರು. ಸಂಜೆ ತಾಯಂದಿರಿಗೆ ವಿಷಯ ಹೇಳಿದಾಗ ಒಬ್ಬಳು ಮಗನನ್ನು ಸೊಂಟಕ್ಕೇರಿಸಿಕೊಂಡು, "ನಾಳೆ ಇವನ್ನ ಎಲ್ಲಿ ಬಿಡ್ಲಿ ದೊಡ್ಡಮ್ಮ? ಜೇಬಲ್ಲಿ ಹಾಕ್ಕೊಂಡು ಹೋಗ್ಲಾ?" ಎಂದಳು. ನಕ್ಕಳು. ಮೇಲೆ ಕೊಂಬೆ ನೋಡಿ ನಗು ನಿಲ್ಲಿಸಿದಳು.

ಮರುದಿನ ಬೆಳಿಗ್ಗೆ ಗರಗಸದವನು ತನ್ನ ಇಬ್ಬರು ಆಳುಗಳೊಂದಿಗೆ ಬಂದ. ಮರದ ಸುತ್ತ ನಡೆದ. ಒಣಗಿದ ತುದಿ ನೋಡಿ, ಹತ್ತಿ ಕಡಿಯುವುದು ಆಗದ ಮಾತು ಎಂದ. ಓಣಿಯೊಳಗೆ ಕ್ರೇನು ಬರುವುದಿಲ್ಲ. ಉಳಿದದ್ದು ಒಂದೇ ದಾರಿ: ಹಗ್ಗ ಬಿಗಿದು, ಬುಡದಲ್ಲಿ ಅಂಗಳದ ಕಡೆ ಬಾಯಿಯಂಥ ಕಚ್ಚು ಕೊರೆದು, ಆ ಕಡೆಗೇ ಉರುಳಿಸುವುದು. ಗರಗಸದ ಯಂತ್ರ ಚಾಲೂ ಮಾಡಿ ಬುಡಕ್ಕಿಟ್ಟ. ಕಿಡಿ ಹಾರಿತು. ಸರಪಳಿಯ ಹಲ್ಲೊಂದು ಮುರಿದು ಬಕೆಟ್ಟಿಗೆ ಬಡಿಯಿತು.

"ಇದರ ಹೊಟ್ಟೆಗೆ ಏನ್ ಹಾಕಿದೀರಾ?"

"ಸಿಮೆಂಟು. ಸರಳು."

"ಯಾವ ಮಹಾನುಭಾವ ಹಾಕಿದ್ದು?"

"ನಾನೇ."

ಗರಗಸದವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮಾಡಿದ್ದುಣ್ಣೋ ಮಹಾರಾಯ ಅಂದ ಹಾಗಾಯ್ತು. ಬಾಯಿ ಕೊರೆಯೋ ಜಾಗದ ಸಿಮೆಂಟು ಸರಳು ಬಿಡಿಸಿದ್ರೆ ಮುಂದಿಂದು ನನ್ನ ಕೆಲಸ. ಬಿಡಿಸೋದು ನಮ್ಮ ಕೈಲಾಗಲ್ಲ. ಎಲ್ಲಿ ಸರಳಿದೆ ಅಂತ ಗೊತ್ತಿಲ್ದೆ ಅದರ ಕೆಳಗೆ ನನ್ನ ಆಳುಗಳನ್ನ ಕೂರಿಸಲ್ಲ."

ಸರಳುಗಳು ಎಲ್ಲಿವೆ ಎಂದು ತಿಳಿದಿದ್ದವರು ಒಬ್ಬರೇ. ಮೇಸ್ತ್ರಿ ಕಲ್ಲು ಒಡೆಯುವ ಚಾಣ, ಸುತ್ತಿಗೆ ತಂದರು.

"ಬೇಡ" ಎಂದರು ದೊಡ್ಡಮ್ಮ. "ಮನೆ ಮೇಲೆ ಬಿದ್ರೆ ಬೀಳ್ಲಿ ಬಿಡಿ. ಮನೆ ಕಟ್ಟೋಕೆ ನಿಮಗೆ ಬರುತ್ತೆ. ನಿಮಗೇನಾದ್ರೂ ಆದ್ರೆ ನಂಗೆ ಸಿಮೆಂಟ್ ಕಲಸೋಕೂ ಬರಲ್ಲ."

"ಪಕ್ಕದ ಮನೆಗೂ ನಮಗೂ ಒಂದೇ ಗೋಡೆ ಕಣೆ. ನಮ್ಮದು ಹೋದ್ರೆ ಅವರದ್ದೂ ಹೋಗುತ್ತೆ."

ದೊಡ್ಡಮ್ಮ ಮರಕ್ಕೆ ಕಟ್ಟಿದ್ದ ಮಕ್ಕಳ ಜೋಕಾಲಿ ಬಿಚ್ಚಿದರು, ಬಟ್ಟೆ ಒಣಹಾಕುವ ತಂತಿ ಬಿಚ್ಚಿದರು. ಆಮೇಲೆ ತೊಗಟೆಗೆ ಅಂಗೈ ಒತ್ತಿ, ಹಠ ಮಾಡುವ ಮಗುವಿಗೆ ಹೇಳುವ ದನಿಯಲ್ಲಿ, "ಹೋಗೋದಾದ್ರೆ ಆ ಕಡೆ ಹೋಗು ತಾಯಿ. ಅವರು ಎದ್ದು ಬಂದ ಮೇಲೆ ಹೋಗು" ಎಂದರು. ಬೇರೆ ಬೀಳ್ಕೊಡುಗೆ ಆ ಮರಕ್ಕೆ ಸಿಗಲಿಲ್ಲ.

ಆಳುಗಳು ಹಗ್ಗವನ್ನು ಎತ್ತರದ ಕವಲಿಗೆ ಎಸೆದು ಕಟ್ಟಿ, ಗೇಟಿನಾಚೆಯ ಕಬ್ಬಿಣದ ಕಂಬಕ್ಕೆ ಬಿಗಿದರು. ಮರ ಈಗ ಮನೆಯ ಕಡೆ ವಾಲುತ್ತಿತ್ತು, ಹಗ್ಗ ಅಂಗಳದ ಕಡೆ ಎಳೆಯುತ್ತಿತ್ತು. ಹಗ್ಗ ಗೆದ್ದರೆ ಮರ ಬೀಳುವ ಜಾಗದಲ್ಲೇ ಮೇಸ್ತ್ರಿ ಮಂಡಿಯೂರಿ ಕೂತರು. ದೊಡ್ಡಮ್ಮ ಗೇಟಿನ ಬಳಿ ನಿಂತು ತುದಿಯನ್ನು ನೋಡುತ್ತಿರಬೇಕು, ಅಲ್ಲಾಡಿದರೆ ಕೂಗಬೇಕು.

"ಅಲ್ಲಾಡ್ತಿಲ್ಲ" ಎಂದರು ಆಕೆ. ಮೇಸ್ತ್ರಿ ಒಂದು ಏಟು ಹಾಕಿದರು. "ಅಲ್ಲಾಡ್ತಿಲ್ಲ." ಇನ್ನೊಂದು. ಪ್ರತಿ ಏಟೂ ಮರದೊಳಗೆ ಹತ್ತಿ ಹೋಗಿ ಎಲ್ಲೋ ಮೇಲೆ ಟೊಳ್ಳಾಗಿ ಕೇಳಿಸುತ್ತಿತ್ತು. ಕೈಗೆ ಕೆಲಸ ಗೊತ್ತಿತ್ತು. ಸೀಳಿನಿಂದ ಜಿನುಗಿದ ಕಪ್ಪು ನೀರು ಮಣಿಕಟ್ಟಿಗಿಳಿಯಿತು. ತಣ್ಣಗಿತ್ತು. ಹಿಂದೆ ಹಗ್ಗ ಜೇನುಹುಳದ ಹಾಗೆ ಗುಂಯ್‌ಗುಡುತ್ತಿತ್ತು.

ಒಮ್ಮೆ ಹೆಂಡತಿಯ ದನಿ ನಿಂತಿತು. ಮೇಸ್ತ್ರಿಯ ಸುತ್ತಿಗೆ ಗಾಳಿಯಲ್ಲೇ ಉಳಿಯಿತು.

"ಯಾಕೆ ಸುಮ್ಮನಾದೆ?"

"ಎಂಜಲು ನುಂಗ್ಬಾರ್ದಾ?"

ಗರಗಸದವನು ನಕ್ಕ. ಮೇಸ್ತ್ರಿಗೆ ನಗು ಬರಲಿಲ್ಲ. ಮೊದಲ ಸರಳು ಸಿಕ್ಕಿತು, ಕೈಗರಗಸದಿಂದ ಕತ್ತರಿಸಿದರು. ಏನೂ ಆಗಲಿಲ್ಲ. ಎರಡನೆಯದು ಅರ್ಧ ಕತ್ತರಿಸುವಷ್ಟರಲ್ಲಿ ತಾನೇ ಟಣ್ಣನೆ ತುಂಡಾಯಿತು. ಇಷ್ಟು ದಿನ ಭಾರ ಹೊತ್ತದ್ದು ಅದೇ ಎಂದು ಆಗ ತಿಳಿಯಿತು. ಮರ ಬೆರಳಿನಷ್ಟು ಕುಸಿಯಿತು. ಸೀಳಿನಲ್ಲಿದ್ದ ಚಾಣವನ್ನು ಹಲ್ಲು ಕಚ್ಚಿದಂತೆ ಕಚ್ಚಿಕೊಂಡಿತು.

"ಬನ್ನಿ! ಬನ್ರೀ!"

ಮೇಸ್ತ್ರಿ ಏಳಲು ನೋಡಿದರು. ಆಗಲಿಲ್ಲ. ಕಚ್ಚಿಕೊಂಡ ಚಾಣವನ್ನೇ ನೋಡುತ್ತ ಕೂತುಬಿಟ್ಟರು. ಗರಗಸದವನು ಓಡಿ ಬಂದು, ಅಂಗಿಯ ಕಾಲರಿಗೆ ಕೈ ಹಾಕಿ, ಮೂಟೆ ಎಳೆದಂತೆ ಗೇಟಿನವರೆಗೆ ಎಳೆದೊಯ್ದ.

"ಸಾಕು. ಇಷ್ಟು ಬಾಯಿ ಸಾಕು."

ಉಳಿದದ್ದು ಅವನ ಕೆಲಸ. ಹಿಂಬದಿಯಿಂದ ಯಂತ್ರ ಇಟ್ಟ, ಆಳುಗಳು ಹಗ್ಗ ಬಿಗಿಸಿದರು. ಮರ ಮೊದಲು ಏನೂ ಮಾಡಲಿಲ್ಲ. ಆಮೇಲೆ ಹೆಂಚಿನ ಮೇಲಿಂದ ನೆರಳು ಜಾರಿತು. ನೆಲ ಅದುರಿತು. ಧೂಳು ಇಳಿದಾಗ ಮನೆ ನಿಂತಿತ್ತು, ಅದರ ಗೋಡೆಯ ಮೇಲೆ ಎಂದೂ ಬೀಳದ ಬಿಸಿಲು ಬಿದ್ದಿತ್ತು. ದೊಡ್ಡಮ್ಮ ಅಳುತ್ತ, ಗಂಡನ ಬೆನ್ನಿನ ಧೂಳು ಒರೆಸುವ ನೆಪದಲ್ಲಿ ನಾಲ್ಕು ಗುದ್ದಿದರು.

ಗರಗಸದವನು ಬೀಡಿ ಹಚ್ಚಿದ. "ಮೇಸ್ತ್ರಿ, ನಿಮ್ಮ ಈ ಚಿಕಿತ್ಸೆ ಇನ್ನೆಲ್ಲೂ ಮಾಡಿಲ್ಲ ತಾನೆ?"

ನಿನ್ನೆಯಿಂದ ಮೇಸ್ತ್ರಿಯ ತಲೆಯಲ್ಲಿ ಒಂದೇ ಮರವಿತ್ತು. ಈಗ ಅದು ನೆಲದಲ್ಲಿ ಮಲಗಿದ ಮೇಲೆ ಇನ್ನೊಂದು ಎದ್ದು ನಿಂತಿತು. ಈ ಕೆಲಸವನ್ನು ನೋಡಿ ಮೆಚ್ಚಿದ ಹೊಲಿಗೆ ಕಾರ್ಖಾನೆಯ ಯಜಮಾನರು ತಮಗೂ ಮಾಡಿಕೊಡಿ ಎಂದು ಕೇಳಿಕೊಂಡಿದ್ದರು. ಕಾರ್ಖಾನೆಯ ಅಂಗಳದ ಹುಣಸೆ ಮರ. ಅದಕ್ಕೂ ಸರಳು, ಅದಕ್ಕೂ ಗೋಣಿ, ಅದಕ್ಕೂ ನೀರು.

"ಕಾರ್ಖಾನೆದು" ಎಂದರು.

ದೊಡ್ಡಮ್ಮನ ಕೈ ಅವರ ಬೆನ್ನ ಮೇಲೆಯೇ ನಿಂತಿತು. "ಮಕ್ಕಳನ್ನ ಇವತ್ತು ಅಲ್ಲಿಗೇ ಕರ್ಕೊಂಡು ಹೋಗಿದಾರೆ."

ಮೇಸ್ತ್ರಿ ಕೈ ತೊಳೆಯಲಿಲ್ಲ. ಓಡುವುದು ಅವರಿಗೆ ಮರೆತು ಹೋಗಿತ್ತು, ಆದರೂ ಓಡಿದರು. ಕಾರ್ಖಾನೆಯ ಗೇಟು ದಾಟುವಾಗ ಊಟದ ಗಂಟೆ ಹೊಡೆದಿತ್ತು. ಹುಣಸೆಯ ಕೆಳಗೆ ಹೆಂಗಸರು ಗುಂಪಾಗಿ ಕೂತು ಡಬ್ಬಿ ಬಿಚ್ಚಿದ್ದರು. ಬುಡದಲ್ಲಿ ಬಿಚ್ಚಿ ಹಾಸಿದ ಬಟ್ಟೆಯ ಮೇಲೆ ಮಕ್ಕಳು ಮಲಗಿದ್ದರು. ತೊಗಟೆಯ ಗೆರೆಗಳು ಚೆನ್ನಾಗಿಯೇ ಮೂಡಿದ್ದವು. ಎಲ್ಲಿ ಮರ ಮುಗಿದಿದೆ ಎಂದು ದೂರದಿಂದ ಮೇಸ್ತ್ರಿಗೂ ತಿಳಿಯಲಿಲ್ಲ.

"ಏನ್ ದೊಡ್ಡಪ್ಪ, ಇಲ್ಲೂ ನೆಲ ಹಾಕೋಕೆ ಬಂದ್ರಾ?" ಎಂದಳು ನಿನ್ನೆ ಜೇಬಿನ ಮಾತಾಡಿದವಳು. "ಕೂತ್ಕೊಳ್ಳಿ, ಒಂದು ತುತ್ತು ತಿನ್ನಿ."

ಮೇಸ್ತ್ರಿಗೆ ಉಸಿರು ಸಿಗಲಿಲ್ಲ. ಮೊಣಕೈವರೆಗೆ ಕಪ್ಪು ಮೆತ್ತಿದ್ದ ಎರಡೂ ಕೈಗಳನ್ನು, ಏಳಿ, ಮಕ್ಕಳನ್ನು ಎತ್ತಿಕೊಳ್ಳಿ ಎಂಬಂತೆ, ಕೆಳಗಿನಿಂದ ಮೇಲಕ್ಕೆ ಆಡಿಸಿದರು. ಅವಳ ಕೈಯಲ್ಲಿನ ತುತ್ತು ಡಬ್ಬಿಗೆ ಬಿತ್ತು. ಏಕೆ ಎಂದು ಅವಳು ಕೇಳಲಿಲ್ಲ. ಮೊದಲು ಮಗನನ್ನು ಎತ್ತಿಕೊಂಡಳು.