ಕುದುರೆಯ ಬೆನ್ನಿಗೆ ಸೋನಾ ಮಸೂರಿ

ಆ ಚಳಿಗಾಲದಲ್ಲಿ ನಮ್ಮ ಕಾರಿನ ಡಿಕ್ಕಿಯಲ್ಲಿ ಸೋನಾ ಮಸೂರಿ ಅಕ್ಕಿಯ ಐದು ಚೀಲಗಳು ಬಿದ್ದುಕೊಂಡಿದ್ದವು. ಬರಗಾಲಕ್ಕೆಂದು ಕೂಡಿಟ್ಟದ್ದು ಎಂದುಕೊಳ್ಳಬೇಡಿ. ಕಾಲ ಹೆಚ್ಚುಕಡಿಮೆ ಹಾಗೇ ಇತ್ತಾದರೂ ಕಾರಣ ಬೇರೆ. ನಮ್ಮದು ಮಸ್ಟಾಂಗ್, ಮೂತಿಯ ಮೇಲೆ ಓಡುವ ಕುದುರೆಯ ಗುರುತಿರುವ ಕಾರು. ಅದರ ಭಾರವಾದ ಎಂಜಿನ್ ಮುಂದೆ, ನೂಕುವ ಚಕ್ರಗಳು ಹಿಂದೆ. ಹಿಮ ಬಿದ್ದ ರಸ್ತೆಯಲ್ಲಿ ಕಾಲು ಸ್ವಲ್ಪ ಜೋರಾಗಿ ಒತ್ತಿದರೂ ಸಾಕು, ಹಗುರವಾದ ಹಿಂಭಾಗ ತನಗೆ ಬೇಕಾದ ದಿಕ್ಕಿಗೆ ಹೊರಟುಬಿಡುತ್ತದೆ. ನಾವಿದ್ದ ಮಿಷಿಗನ್ ರಾಜ್ಯದ ಹಳಬರು ಇದಕ್ಕೆಂದೇ ಡಿಕ್ಕಿಯಲ್ಲಿ ಮರಳಿನ ಮೂಟೆ ಇಟ್ಟುಕೊಳ್ಳುತ್ತಾರೆ. ಮರಳನ್ನು ದುಡ್ಡು ಕೊಟ್ಟು ತರುವುದೆಂದರೆ ನನ್ನ ಹೆಂಡತಿ ವಸುಧಾಗೆ ಮನಸ್ಸೊಪ್ಪಲಿಲ್ಲ. ಹೇಗೂ ಮನೆಗೆ ಬೇಕಾದದ್ದೇ, ಚಳಿ ಮುಗಿದ ಮೇಲೆ ಒಳಗೆ ತಂದರಾಯಿತು ಎಂದು ಅವಳು ಅಕ್ಕಿಯನ್ನೇ ಹೇರಿಸಿದಳು.

ಮೂರು ಜನರ ಸಂಸಾರಕ್ಕೆ ಎರಡೇ ಬಾಗಿಲಿನ ಕಾರು ಯಾಕೆ ಎಂದು ನೀವು ಕೇಳುತ್ತೀರಿ, ಮೈಸೂರಿನಿಂದ ಬಂದಿದ್ದ ನನ್ನ ಅಮ್ಮನೂ ಕೇಳಿದ್ದಳು, ಸೀರೆಯ ನೆರಿಗೆ ಎತ್ತಿ ಹಿಡಿದು ಹಿಂದಿನ ಸೀಟಿಗೆ ನುಸುಳುತ್ತಾ. ನಾನು ಡೆಟ್ರಾಯ್ಟ್ ಪಕ್ಕದ ಪ್ಲಿಮತ್ತಿನ ಒಂದು ಸಣ್ಣ ಕಂಪನಿಯಲ್ಲಿ ಕಾರಿನ ಬಾಗಿಲಂಚಿಗೆ ಅಂಟಿಸುವ ರಬ್ಬರ್ ಪಟ್ಟಿಯ ಎಂಜಿನಿಯರ್ ಆಗಿದ್ದೆ. ಗಾಳಿ ನೀರು ಒಳಗೆ ಬರದಂತೆ ತಡೆಯುವ ಆ ಪಟ್ಟಿಯನ್ನು ಯಾರೂ ನೋಡುವುದಿಲ್ಲ, ಮೆಚ್ಚುವುದಂತೂ ದೂರ. ಈ ಕಾರಿನ ಬಾಗಿಲಿಗೆ ನಾನು ಗೆರೆ ಎಳೆದು ರೂಪಿಸಿದ ಪಟ್ಟಿ ಇತ್ತು. ಒಳ್ಳೆಯ ದಿನಗಳ ಅಮಲಿನಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದು, ಆಯುಧಪೂಜೆಯ ದಿನ ಕುದುರೆಯ ಹಣೆಗೆ ಕುಂಕುಮ ಇಟ್ಟೆವು.

ಆಮೇಲೆ ಆರ್ಥಿಕ ಹಿಂಜರಿತ ಬಂತು. ಡೆಟ್ರಾಯ್ಟಿನ ಸುತ್ತಮುತ್ತ ಕಾರನ್ನೇ ನಂಬಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಕಾಲ. ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ಒಂದು ದಿನ ನನ್ನನ್ನೂ ಕರೆದರು. ತಿಂಗಳುಗಟ್ಟಲೆ ಅಲೆದ ಮೇಲೆ ಕೆಲಸ ಸಿಕ್ಕಿದ್ದು ಶಿಕಾಗೋ ಪಕ್ಕದ ಶಾಮ್‌ಬರ್ಗಿನಲ್ಲಿ, ಅದೂ ಕಾಂಟ್ರ್ಯಾಕ್ಟಿನ ಮೇಲೆ, ರಬ್ಬರಿಗೂ ಅದಕ್ಕೂ ಸಂಬಂಧವೇ ಇಲ್ಲದ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ. ವಸುಧಾ ಮಿಷಿಗನ್ನಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಮಗಳು ಅನಘಾ ಏಳನೇ ತರಗತಿ, ಮನೆಯನ್ನು ಮಾರೋಣವೆಂದರೆ ಕೇಳುವವರಿಲ್ಲ. ಹೀಗಾಗಿ ಶುಕ್ರವಾರ ಪೂರ್ವಕ್ಕೆ ಮನೆಗೆ, ಭಾನುವಾರ ಪಶ್ಚಿಮಕ್ಕೆ ಕೆಲಸಕ್ಕೆ, ಮುನ್ನೂರು ಮೈಲಿಗೆ ಚೂರು ಕಡಿಮೆ ದೂರ ನಾನು ಓಡಾಡತೊಡಗಿದೆ. ಮೂವರೂ ಒಂದೇ ಸೂರಿನ ಕೆಳಗೆ ಇರಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಅದಕ್ಕೆ ನನಗೆ ಮಿಷಿಗನ್ನಿನಲ್ಲಿ ಮತ್ತೆ ಕೆಲಸ ಸಿಗಬೇಕಿತ್ತು, ಇಲ್ಲವೇ ಅವರಿಬ್ಬರನ್ನು ನಾನು ಬೇರುಸಹಿತ ಕೀಳಬೇಕಿತ್ತು. ಎರಡನೆಯದನ್ನು ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ.

ಒಬ್ಬನೇ ಅಷ್ಟು ಹೊತ್ತು ಸ್ಟಿಯರಿಂಗ್ ಹಿಡಿದು ಕೂತರೆ ಮನಸ್ಸು ಸುಮ್ಮನಿರುತ್ತದೆಯೇ? ನಾನು ಕೂತ ಕುದುರೆಯ ವಂಶಾವಳಿಯನ್ನೇ ಜಪಿಸುತ್ತಿದ್ದೆ. ಇದರ ಮೊದಲ ತಲೆಮಾರು ಅರವತ್ತರ ದಶಕದ್ದು. ಮೇಲಿನ ಥಳುಕನ್ನು ತೆಗೆದರೆ ಒಳಗೆ ಸಾಧಾರಣ ಸಂಸಾರಸ್ಥರ ಕಾರಿನದೇ ಮೂಳೆ, ಆದರೂ ಆ ಕಾಲದ ಹರೆಯದವರು ಮುಗಿಬಿದ್ದು ಕೊಂಡರು. ಮೆಚ್ಚುಗೆ ತಲೆಗೇರಿದವರ ಮೈಯಂತೆ ಅದರ ಮೈಯೂ ವರ್ಷದಿಂದ ವರ್ಷಕ್ಕೆ ಬೆಳೆಯಿತು, ಎಂಜಿನ್ ಗುಡುಗಿತು. ಅಷ್ಟರಲ್ಲಿ ಪೆಟ್ರೋಲಿಗೆ ತತ್ವಾರ ಬಂತು. ಎಪ್ಪತ್ತರ ದಶಕದ ಎರಡನೇ ತಲೆಮಾರು ಕುಗ್ಗಿ, ಕುಳ್ಳಾಗಿ, ಮೊದಲ ವರ್ಷ ಎಂಟು ಸಿಲಿಂಡರಿನ ಎಂಜಿನ್ನೂ ಇಲ್ಲದೆ ಬೀದಿಗಿಳಿಯಿತು. ಮೂರನೆಯದು ಪೆಟ್ಟಿಗೆಯಂಥದ್ದು, ಬಹುಕಾಲ ದುಡಿಯಿತು. ಅದರ ಜಾಗಕ್ಕೆ ಮುಂದಿನ ಚಕ್ರ ಎಳೆಯುವ ಬೇರೊಂದು ಕಾರನ್ನು ತರಲು ಹೊರಟಾಗ ಅಭಿಮಾನಿಗಳು ರಂಪ ಮಾಡಿ ಹೆಸರನ್ನು ಉಳಿಸಿಕೊಂಡರು. ನಾಲ್ಕನೆಯದು ಮೈ ದುಂಡಗೆ ಮಾಡಿಕೊಂಡಿತು. ನನ್ನದು ಐದನೆಯದು, ಥೇಟ್ ಅಜ್ಜನ ಮುಖ ಹೊತ್ತು ಹುಟ್ಟಿದ ಮೊಮ್ಮಗ.

ಕಾರಿನ ಹುಚ್ಚಿರುವವರ ಮುಂದೆ ಎರಡನೇ ತಲೆಮಾರಿನ ಹೆಸರೆತ್ತಿ ನೋಡಿ, ಮೂಗು ಮುರಿಯುತ್ತಾರೆ. ಮೊದಲು ನಾನೂ ಮುರಿದವನೇ. ಆ ಚಳಿಗಾಲದಲ್ಲಿ ಮಾತ್ರ ನನಗೆ ಅದರ ಮೇಲೆಯೇ ಅಕ್ಕರೆ ಹುಟ್ಟಿತು. ಕಾಲ ಕೆಟ್ಟಾಗ ಅದು ತನ್ನ ಗತ್ತನ್ನು ಬದಿಗಿಟ್ಟು, ಸಿಕ್ಕಷ್ಟು ಪೆಟ್ರೋಲಿನಲ್ಲಿ ಓಡಿ, ಮುಂದಿನವರಿಗೆ ಹೆಸರನ್ನು ದಾಟಿಸಿತಲ್ಲ. ಗುಡುಗಿದವರನ್ನು ಎಲ್ಲರೂ ನೆನೆಯುತ್ತಾರೆ, ಕುಗ್ಗಿ ಉಳಿಸಿದವರನ್ನು ಯಾರು ನೆನೆಯುತ್ತಾರೆ ಹೇಳಿ. ನನಗೆ ಆಗ ತುಂಬಾ ದಣಿವಾಗಿತ್ತು, ದಣಿದವನಿಗೆ ಇಂಥ ಯೋಚನೆಗಳು ಬೇಗ ಹತ್ತಿರವಾಗುತ್ತವೆ.

ಸಂಕ್ರಾಂತಿಯ ಹಿಂದುಮುಂದಿನ ಒಂದು ಶುಕ್ರವಾರ, ಆಫೀಸಿನಿಂದ ಮಧ್ಯಾಹ್ನವೇ ತಪ್ಪಿಸಿಕೊಂಡು ಹೊರಟೆ. ದಾರಿಗಡ್ಡವಾದ ದೊಡ್ಡ ಸರೋವರದ ದಂಡೆ ಬಳಸಿ ಮಿಷಿಗನ್ನಿಗೆ ಬರುವಷ್ಟರಲ್ಲಿ ಹಿಮ ಶುರುವಾಯಿತು. ದಾರಿಯ ನಡುವಿನ ಊರು ಕಲಮಜೂ ಇನ್ನೂ ದೂರವಿದ್ದಾಗ, ಲೇನ್ ಬದಲಿಸಲು ಹೋದೆ ಅಷ್ಟೇ, ಕಾರಿನ ಹಿಂಭಾಗ ಮುಂದಕ್ಕೆ ಬಂತು. ಒಂದು ಸುತ್ತು ಪೂರ್ತಿ ತಿರುಗಿ, ರಸ್ತೆ ಬಿಟ್ಟು, ಪಕ್ಕದ ಹಳ್ಳದ ಹಿಮದಲ್ಲಿ ಹೂತು ನಿಂತೆ. ಹಿಂದೆ ಬರುತ್ತಿದ್ದ ಲಾರಿ ಹಾರ್ನ್ ಬಾರಿಸುತ್ತಾ ಹಾದುಹೋಯಿತು. ನನಗೆ ಏನೂ ಆಗಿರಲಿಲ್ಲ. ಸಲಿಕೆ ತೆಗೆಯಲೆಂದು ಡಿಕ್ಕಿ ಎತ್ತಿದರೆ, ಅಕ್ಕಿಯಿಲ್ಲ.

ಶಾಮ್‌ಬರ್ಗಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ವಿಜಯಪುರದ ಗುರುಲಿಂಗ, ಹಿಂದಿನ ದಿನ ದಿನಸಿ ತರಲು ನನ್ನ ಕಾರು ಒಯ್ದಿದ್ದ. ಹಳ್ಳದಲ್ಲಿ ನಿಂತೇ ಅವನಿಗೆ ಫೋನ್ ಮಾಡಿದೆ.

“ಹೌದ್ರಿ ಸರ್, ನಾನs ತಗದೀನಿ. ನಾಳೆ ಕ್ಲಬ್‌ಹೌಸಿನಾಗ ಸಂಕ್ರಾಂತಿ ಊಟ ಐತಲ್ರಿ, ಎಲ್ಲಾರಿಗೂ ಚಿತ್ರಾನ್ನ ಮಾಡಬೇಕಂತ ಇಳಿಸಿಕೊಂಡೆ. ನಿಮಗ ಹೊಸಾ ಚೀಲ ತಂದು ಕೊಡ್ತೀನ್ರಿ.”

“ಅದು ಕಾರು ಜಾರದೆ ಇರ್ಲಿ ಅಂತ ಇಟ್ಟಿದ್ದು, ಗುರುಲಿಂಗ.”

“ಅಕ್ಕಿ ಇರೋದು ಉಣ್ಣಾಕಲ್ಲೇನ್ರಿ ಸರ್?” ಎಂದ, ನಿಜಕ್ಕೂ ಅರ್ಥವಾಗದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನಿದೆ?

ಎಳೆಯುವ ಗಾಡಿ ಬಂದು, ಸೊಟ್ಟಗಾದ ಚಕ್ರದ ಕಾರನ್ನು ಅಲ್ಲೇ ಗ್ಯಾರೇಜಿಗೆ ಹಾಕಿತು. ವಸುಧಾ ತಾನು ಆಸ್ಪತ್ರೆಗೆ ಓಡಿಸುವ ಮಿನಿವ್ಯಾನ್ ತಂದು ನನ್ನನ್ನು ಮನೆಗೆ ಕರೆದೊಯ್ದಳು. ದಾರಿಯಲ್ಲಿ ಅವಳು ಬೈಯಲಿಲ್ಲ. ಭಾನುವಾರ ಮಧ್ಯಾಹ್ನ ನಾನು ವ್ಯಾನಿನ ಕೀಲಿ ತೆಗೆದುಕೊಂಡು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಬಂದು ಮಂಚದ ಅಂಚಿಗೆ ಕೂತಳು.

“ಶಿಕಾಗೋ ಕಡೆ ಕೆಲಸಕ್ಕೆ ಅಪ್ಲೈ ಮಾಡಿದೀನಿ ಕಣ್ರೀ. ದೀಪಾವಳಿ ಆದ್ಮೇಲೇ ಮಾಡ್ದೆ. ಒಂದು ಆಸ್ಪತ್ರೆಯವರು ಬನ್ನಿ ಅಂತಾನೂ ಅಂದಿದಾರೆ.”

“ಮತ್ತೆ ಹೇಳ್ಲೇ ಇಲ್ವಲ್ಲೇ.”

“ಇಲ್ಲೇ ಮತ್ತೆ ಕೆಲಸ ಸಿಗತ್ತೆ ಅಂತ ನಂಬ್ಕೊಂಡು ನೀವು ಓಡಾಡ್ತಿದ್ರಿ. ಅದನ್ನ ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ.”

ಆ ನಂಬಿಕೆ ನನ್ನನ್ನು ಬಿಟ್ಟು ತಿಂಗಳುಗಳೇ ಆಗಿದ್ದವು. ಈ ಮನೆ, ಈ ಕೆಲಸ ಬಿಡಲು ಅವಳಿಗೆ ಸಂಕಟವಾಗುತ್ತದೆಂದು ತಿಳಿದು ನಾನು ಓಡಿಸುತ್ತಿದ್ದೆ. ಹಾಗೆಂದು ಹೇಳಿದೆ. ಅವಳು ನನ್ನ ಕೈಯಿಂದ ಅಂಗಿ ಕಸಿದುಕೊಂಡು, “ಒಳ್ಳೇ ಪೆದ್ದುಗಳು ನಾವಿಬ್ರೂ” ಎಂದು ಅದರಲ್ಲೇ ಕಣ್ಣು ಒರೆಸಿಕೊಂಡಳು. ನನಗೂ ಅಳು ಬಂತು. ಆಮೇಲೆ ಅಲ್ಲೇ, ಅರ್ಧ ತುಂಬಿದ ಬ್ಯಾಗಿನ ಪಕ್ಕದಲ್ಲಿ, ನಾನು ನಿದ್ದೆ ಹೋದೆ.

ಎಚ್ಚರವಾದಾಗ ಕತ್ತಲಾಗುತ್ತಿತ್ತು. ಅನಘಾ ಬಾಗಿಲಲ್ಲಿ ನಿಂತು ನನ್ನನ್ನು ಯಾರೋ ನೆಂಟರನ್ನು ನೋಡುವಂತೆ ನೋಡುತ್ತಿದ್ದಳು. “ಡ್ಯಾಡ್, ಯೂ ಆರ್ ಸ್ಟಿಲ್ ಹಿಯರ್?” ಎಂದಳು. ಭಾನುವಾರ ಸಂಜೆ ಅಪ್ಪ ಮನೆಯಲ್ಲಿರುವುದೆಂದರೆ ಹೇಗಿರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು.