ಕಡಲಿಗೆ ರಜೆ ಇದ್ದ ಎರಡು ತಿಂಗಳು

ಅವರ ಬಲಗೈ ಹೆಬ್ಬೆರಳಿಗೆ ಚಳಿಯೂ ಗೊತ್ತಾಗುತ್ತಿರಲಿಲ್ಲ, ಬಿಸಿಯೂ ಗೊತ್ತಾಗುತ್ತಿರಲಿಲ್ಲ. ವರ್ಷಾನುಗಟ್ಟಲೆ ಐಸಿನೊಳಗೆ ಕೈಯಾಡಿಸಿ ಅದರ ತುದಿಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು, ಉಗುರು ಅರ್ಧದಿಂದಾಚೆ ಬೆಳೆಯುವುದನ್ನೇ ಬಿಟ್ಟಿತ್ತು. ಆಗಷ್ಟೇ ಸೋಸಿದ ಟೀಯ ಲೋಟವನ್ನು ಬೇರೆಯವರು ಪಂಚೆಯ ತುದಿಯಲ್ಲಿ ಹಿಡಿದು ಒದ್ದಾಡುತ್ತಿದ್ದರೆ, ಇವರು ಆ ಬೆರಳನ್ನು ಲೋಟಕ್ಕೆ ಒತ್ತಿ ಹಿಡಿದುಕೊಂಡು ಊರಿನ ಸುದ್ದಿಯೆಲ್ಲ ಮಾತಾಡಿ ಮುಗಿಸಿಯೇ ಕುಡಿಯುತ್ತಿದ್ದರು. ನೋಡುವ ನನಗೇ ಕೈ ಚುರುಗುಟ್ಟುತ್ತಿತ್ತು.

ಚಿಂತಾಮಣಿಯಲ್ಲಿ ಕಡಲ ಮೀನು ಮಾರುತ್ತಿದ್ದ ಅವರನ್ನು ಎಲ್ಲರೂ ಮೀನಿನಣ್ಣ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರು ನನ್ನನ್ನು ಚೆಲ್ಲೆಮ್ಮ ಎನ್ನುತ್ತಿದ್ದರು. ಅವರ ಮನೆಮಾತು ತೆಲುಗು, ತಂಗಿಯನ್ನು ಮುದ್ದಿನಿಂದ ಕರೆಯುವ ಮಾತು ಅದು. ಒಡಹುಟ್ಟಿದ ಅಣ್ಣಂದಿರು ಹಬ್ಬಕ್ಕೂ ನೆನಪಿಸಿಕೊಳ್ಳದ ನನಗೆ ಆ ಮಾತು ಬಹಳ ಹಿತವಾಗಿತ್ತು. ಈಗ ಯೋಚಿಸಿದರೆ, ಅಷ್ಟು ಹಿತವಾಗಬಾರದಿತ್ತು.

ನನ್ನ ತವರು ಮುರುಗಮಲ್ಲದ ಕಡೆ. ರಾಗಿ, ಟೊಮೆಟೊ ಬೆಳೆಯುವ ಮನೆ. ಮದುವೆಯಾಗಿ ಚಿಂತಾಮಣಿಗೆ ಬಂದೆ, ಯಜಮಾನರು ಹೈಸ್ಕೂಲಿನಲ್ಲಿ ಕ್ಲಾರ್ಕು. ಒಂದು ಮೆಸ್ ಇಡುತ್ತೇನೆ ಎಂದಾಗ ಅವರು ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ, ಪೇಪರು ಮಡಿಸಿಟ್ಟು ಸ್ನಾನಕ್ಕೆ ಹೋದರು. ಕೋಳಿ, ಕುರಿಯ ಮೆಸ್ಸುಗಳು ಊರಲ್ಲಿ ಹತ್ತಾರಿದ್ದವು. ಕಡಲ ಮೀನಿನ ಊಟ ಹಾಕುವವರು ಯಾರೂ ಇರಲಿಲ್ಲ. ಹಾಗಾಗಿ ಅದನ್ನೇ ಹಿಡಿದೆ. ಕಡಲನ್ನು ಕಣ್ಣಿಂದ ನೋಡದವಳ ಧೈರ್ಯ ಅದು.

ನಮ್ಮ ಕಡೆಯವರಿಗೆ ಮೀನೆಂದರೆ ಕೆರೆ ಮೀನು. ತೊಟ್ಟಿಯಲ್ಲಿ ಎಗರಾಡುತ್ತಿರುವುದನ್ನು ಬೆರಳು ತೋರಿಸಿ ಆರಿಸಿಕೊಂಡು, ಕಣ್ಣೆದುರೇ ಹೊಡೆಸಿಕೊಂಡು ಮನೆಗೆ ತರುವುದು ಪದ್ಧತಿ. ಅಲ್ಲಾಡದ ಮೀನನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಹಾಗಾಗಿ ಸತ್ತ ಮೀನಿನಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸುವ ವಿದ್ಯೆ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಅದನ್ನು ನನಗೆ ಕಲಿಸಿದವರು ಅವರು.

"ಕಣ್ಣು ನೋಡು, ಉಬ್ಬಿರಬೇಕು. ಬೆನ್ನು ಒತ್ತು, ಗುಳಿ ಬಿದ್ರೆ ತಕ್ಷಣ ಮೇಲೇಳಬೇಕು. ಆದ್ರೆ ಇವೆರಡೂ ಒಂದೊಂದ್ಸಲ ಸುಳ್ಳು ಹೇಳ್ತವೆ ಚೆಲ್ಲೆಮ್ಮ. ಕಿವಿರು ಮಾತ್ರ ಹೇಳಲ್ಲ. ಎತ್ತಿ ನೋಡು. ಕೆಂಪಗಿದ್ರೆ ತಗೊ, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ರೆ ನಾನೇ ಕೊಟ್ರೂ ಮುಖದ ಮೇಲೆ ಎಸಿ."

ಒಂದು ತಿಂಗಳು ದಿನವೂ ಪರೀಕ್ಷೆ ಮಾಡಿದರು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಆರಿಸು ಎನ್ನುತ್ತಿದ್ದರು. ತಪ್ಪಿದರೆ ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ, "ನೋಡ್ರಪ್ಪ, ಇವಳ ಮೆಸ್ಸಿಗೆ ಹೋಗೋರು ಡಾಕ್ಟರ ಚೀಟಿ ಬರೆಸ್ಕೊಂಡೇ ಹೋಗಿ" ಎಂದು ರೇಗಿಸುತ್ತಿದ್ದರು. ಸರಿಯಾಗಿ ಹೇಳಿದ ದಿನ ಒಂದು ಹಿಡಿ ಸೀಗಡಿಯನ್ನು ಕಾಗದದಲ್ಲಿ ಸುತ್ತಿ, "ಪಾಪುಗೆ" ಎಂದು ಕೈಗಿಡುತ್ತಿದ್ದರು. ಆಗ ನನ್ನ ಮಗಳಿಗೆ ನಾಲ್ಕು ವರ್ಷ.

ಅವರ ಬಾಮೈದ ನೆಲ್ಲೂರಿನ ಕಡಲದಡದಲ್ಲಿ ಮೀನು ಹರಾಜಿನ ಜಾಗದಲ್ಲಿ ಕೆಲಸಕ್ಕಿದ್ದ. ಮೀನಿನ ಪೆಟ್ಟಿಗೆಗಳು ಲಾರಿ ಹತ್ತಿದ ಮೇಲೆ ಅವನ ಫೋನು ಬರುತ್ತಿತ್ತು. ಫೋನಿಟ್ಟ ಮೇಲೆ ಮೀನಿನಣ್ಣ ಕಡಲನ್ನು ವರ್ಣಿಸುತ್ತಿದ್ದರು. ಇವತ್ತು ಮೂಡಣ ಗಾಳಿ, ಅಲೆ ಎತ್ತರ, ಸಣ್ಣ ದೋಣಿಗಳು ಅರ್ಧ ದಾರಿಯಿಂದಲೇ ವಾಪಸ್ಸು. ಇವತ್ತು ನೀರು ಕಲಕಿದೆ, ಬಂಗುಡೆ ಸಿಕ್ಕಿದೆ, ವಂಜರ ಸಿಕ್ಕಿಲ್ಲ. ಇವತ್ತು ಕಡಲು ಕೆರೆಯ ಹಾಗಿದೆ, ಚಂದುವ ಮೀನು ಬುಟ್ಟಿ ಬುಟ್ಟಿ ಬಂದಿದೆ. ಅದನ್ನೆಲ್ಲ ಮೆಸ್ಸಿನ ಬಾಗಿಲಲ್ಲಿ ಬೋರ್ಡಿನ ಮೇಲೆ ಬರೆ ಎಂದು ಹೇಳಿಕೊಟ್ಟವರೂ ಅವರೇ.

"ನಿಮ್ಮೋರು ಎಗರೋ ಮೀನು ನೋಡಿ ನಂಬೋರು. ಸತ್ತ ಮೀನಿಗೆ ಸಾಕ್ಷಿ ಬೇಕು ಕಣಮ್ಮ. ಎಲ್ಲಿಂದ ಬಂತು, ಹೆಂಗೆ ಬಂತು ಅಂತ ಬರೆದಾಕು, ನಂಬ್ತಾರೆ."

ನಂಬಿದರು. "ಇವತ್ತಿನ ಕಡಲು" ಎಂದು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಎರಡೋ ಮೂರೋ ಸಾಲು. ಶಿಡ್ಲಘಟ್ಟದ ರೇಷ್ಮೆಗೂಡು ವ್ಯಾಪಾರಿಗಳು ಕೆಲಸ ಮುಗಿಸಿ ಬರುತ್ತಿದ್ದರು, ಕೋರ್ಟಿನವರು ಬರುತ್ತಿದ್ದರು. ಊಟ ಮಾಡದವರೂ ನಿಂತು ಓದಿಕೊಂಡು ಹೋಗುತ್ತಿದ್ದರು. "ಏನಮ್ಮ, ನಿಮ್ಮ ಕಡಲು ಇವತ್ತು ಕೋಪ ಮಾಡ್ಕೊಂಡೈತಂತೆ" ಎಂದು ಬಸ್ಸಿನಲ್ಲಿ ಯಾರೋ ನನ್ನನ್ನು ಮಾತಾಡಿಸಿದಾಗ ನನಗೆ ಕೋಡು ಮೂಡಿತ್ತು.

ಒಂದು ಭಾನುವಾರದ ಮಾತು. ಮದುವೆ ಮಾತುಕತೆಗೆ ಬಂದವರ ದೊಡ್ಡ ಗುಂಪೊಂದು ಊಟಕ್ಕೆ ಹೇಳಿಟ್ಟಿತ್ತು. ಮಸಾಲೆ ರುಬ್ಬಿಟ್ಟು ಅಂಗಡಿಗೆ ಹೋದರೆ ಮೀನಿನಣ್ಣ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತಿದ್ದರು. ದಾರಿಯಲ್ಲಿ ಲಾರಿ ಕೆಟ್ಟು ನಿಂತಿತ್ತಂತೆ. ನಾನು ನೋಡಿದೆ, ಮೀನು ಚೆನ್ನಾಗಿಯೇ ಕಂಡಿತು. "ನಿನಗೆ ಚೆನ್ನಾಗಿ ಕಾಣ್ಸುತ್ತೆ, ನನಗೆ ಕಾಣ್ಸಲ್ಲ. ಕೊಡಲ್ಲ ಹೋಗು" ಎಂದರು. ಅತ್ತು, ಜಗಳ ಆಡಿದೆ. ಜಗ್ಗಲಿಲ್ಲ. ಅಷ್ಟೂ ಮೀನನ್ನು ಊರಾಚೆಗೆ ಸಾಗಿಸಿ ಗುಂಡಿ ತೋಡಿಸಿ ಹೂಳಿಸಿದರು. ನಾನು ಅಳುಮುಖ ಮಾಡಿಕೊಂಡು ಬೋರ್ಡಿನಲ್ಲಿ "ಇವತ್ತು ಕಡಲು ಏನೂ ಕೊಡಲಿಲ್ಲ, ಮೊಟ್ಟೆ ಸಾರು ಇದೆ" ಎಂದು ಬರೆದೆ. ಬಂದವರು ಗೊಣಗಿದರು. ಆದರೆ ಆ ಬೋರ್ಡಿನ ಸುದ್ದಿ ಊರೆಲ್ಲ ಹರಡಿತು. ಇಲ್ಲದ ದಿನ ಇಲ್ಲ ಎನ್ನುವವಳು ಎಂದು ನನಗೆ ಹೆಸರು ಬಂದದ್ದು ಆ ಭಾನುವಾರದಿಂದ. ಆ ಹೆಸರೇ ನನ್ನ ಬಂಡವಾಳವಾಯಿತು, ಅದನ್ನು ಕೊಟ್ಟವರು ಅವರೇ ಎಂದು ಹೇಳಿಕೊಂಡು ತಿರುಗಿದೆ.

ಬೇಸಿಗೆ ಬಂದರೆ ಅವರ ಅಕ್ಕರೆ ಇನ್ನೂ ಹೆಚ್ಚಾಗುತ್ತಿತ್ತು. "ಈ ಬಿಸಿಲಲ್ಲಿ ಒಲೆ ಮುಂದೆ ಬೇಯ್ತೀಯ, ಮೀನು ಕ್ಲೀನ್ ಮಾಡ್ತಾ ಬೇರೆ ಕೂತ್ಕೋಬೇಕಾ? ನಾನೇ ತಲೆ ತೆಗೆದು, ತುಂಡು ಮಾಡಿ ಕಳಿಸ್ತೀನಿ" ಎನ್ನುತ್ತಿದ್ದರು. ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ಸಾರಿಗೆ ಹಾಕಲು ಸಿದ್ಧವಾದ ತುಂಡುಗಳು ಡಬ್ಬಿಯಲ್ಲಿ ಬರುತ್ತಿದ್ದವು. ಮಗಳಿಗೆಂದು ಮುಳ್ಳು ಬಿಡಿಸಿದ ವಂಜರದ ಪೊಟ್ಟಣ ಬೇರೆ. ಅಣ್ಣ ಎಂದರೆ ಹೀಗಿರಬೇಕು ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿ ಹೊಟ್ಟೆ ಉರಿಸಿದ್ದೇನೆ.

ಹೀಗೆ ಮೂರು ಬೇಸಿಗೆ ಕಳೆಯಿತು. ನಾಲ್ಕನೆಯ ವರ್ಷ ನಮ್ಮೂರ ಬ್ಯಾಂಕಿಗೆ ನೆಲ್ಲೂರು ಕಡೆಯ ಅಧಿಕಾರಿಯೊಬ್ಬರು ವರ್ಗವಾಗಿ ಬಂದರು. ಕಡಲದಡದ ಊರಿನವರು, ಅವರ ತಮ್ಮ ಈಗಲೂ ದೋಣಿಗೆ ಹೋಗುವವನು. ಮೇ ತಿಂಗಳ ಒಂದು ಮಧ್ಯಾಹ್ನ ಮೊದಲ ಸಲ ನನ್ನ ಮೆಸ್ಸಿಗೆ ಬಂದು, ಬೋರ್ಡಿನೆದುರು ನಿಂತರು. ಅದರಲ್ಲಿ ನನ್ನ ದುಂಡು ಅಕ್ಷರದಲ್ಲಿ ಹೀಗಿತ್ತು: "ನೆಲ್ಲೂರು ಕಡಲು ಶಾಂತ. ನಿನ್ನೆ ಹೋದ ದೊಡ್ಡ ದೋಣಿಗಳು ತುಂಬಿಕೊಂಡು ಬಂದಿವೆ. ವಂಜರ, ಚಂದುವ."

ಅವರು ನಕ್ಕರು. ಕೆಟ್ಟ ನಗೆಯಲ್ಲ. "ಯಾವ ದೋಣಿ ಮೇಡಂ? ಎಲ್ಲಾ ದಡದಲ್ಲಿ ಮಲಗಿವೆ. ಮೀನು ಮೊಟ್ಟೆ ಇಡೋ ಕಾಲ ಇದು, ಎರಡು ತಿಂಗಳು ಯಂತ್ರದ ದೋಣಿ ಕಡಲಿಗೆ ಇಳಿಯೋ ಹಾಗೇ ಇಲ್ಲ. ಸರ್ಕಾರದ್ದೇ ಆರ್ಡರ್. ಮಂಗಳೂರು ಕಡೇದು ಅಂತ ಬರೆದಿದ್ರೆ ನಾನೂ ನಂಬ್ತಿದ್ದೆ."

ಇಲ್ಲ, ಇವತ್ತೇ ಫೋನು ಬಂದಿದೆ ಎಂದೆ. ಜಂಬದಿಂದಲೇ ಅಂದೆ. ಅವರು ಅಲ್ಲೇ ಕೂತು ತಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟರು. ಮರಳ ಮೇಲೆ, ನೀರಂಚಿನಲ್ಲಿ, ಸಾಲುಸಾಲು ದೋಣಿಗಳನ್ನು ಹಗ್ಗದಲ್ಲಿ ಕಟ್ಟಿಹಾಕಿದ್ದರು. ಒಂದರ ಮರೆಯಲ್ಲಿ ಗಂಡಸರು ಬಲೆ ಹೊಲಿಯುತ್ತಾ ಕೂತಿದ್ದರು. ಹಿಂದೆ ಕಡಲು ಹೊಳೆಯುತ್ತಿತ್ತು. ನಾಲ್ಕು ವರ್ಷದಿಂದ ನಾನು ದಿನವೂ ಬರೆಯುತ್ತಿದ್ದ ಕಡಲನ್ನು ಮೊದಲ ಸಲ ನೋಡಿದ್ದು ಹಾಗೆ, ಊಟಕ್ಕೆ ಕೂತವರೆಲ್ಲ ನನ್ನ ಮುಖವನ್ನೇ ನೋಡುತ್ತಿರುವಾಗ. ಸೆರಗಿನಿಂದಲೇ ಬೋರ್ಡು ಒರೆಸಿದೆ. ಒಬ್ಬರು ಅರ್ಧ ಊಟಕ್ಕೇ ಎಲೆ ಮಡಚಿ ಎದ್ದರು.

ಅಂಗಡಿಗೆ ಹೋಗುವ ದಾರಿಯಲ್ಲಿ ನನಗೆ ಅರ್ಥವಾದದ್ದು ಇನ್ನೊಂದು. ಆ ಎರಡು ತಿಂಗಳು ತಲೆ ತೆಗೆದು ಕಳಿಸುತ್ತಿದ್ದದ್ದು ನನ್ನ ಕೆಲಸ ಹಗುರ ಮಾಡಲು ಅಲ್ಲ. ತಲೆ ಇದ್ದರೆ ನಾನು ಕಿವಿರು ಎತ್ತಿ ನೋಡುತ್ತಿದ್ದೆ. ಎತ್ತಿ ನೋಡಲು ಕಲಿಸಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ನಡುಬೀದಿಯಲ್ಲಿ ನಿಂತುಬಿಟ್ಟೆ, ಆಟೋದವನು ಹಾರ್ನ್ ಹೊಡೆದು ಬೈದುಕೊಂಡು ಹೋದ.

ಮೀನಿನಣ್ಣ ಅಲ್ಲಗಳೆಯಲಿಲ್ಲ. ಕತ್ತಿ ಕೆಳಗಿಟ್ಟು, "ಗೊತ್ತಾಯ್ತಾ?" ಎಂದರು.

"ಯಾವಾಗಿಂದಣ್ಣ?"

"ನೀನು ಮೆಸ್ ಇಟ್ಟಾಗಿಂದ. ಆ ಎರಡು ತಿಂಗಳು ಮಾತ್ರ ಚೆಲ್ಲೆಮ್ಮ. ಉಳಿದ ಹತ್ತು ತಿಂಗಳು ಒಂದಕ್ಷರ ಸುಳ್ಳು ಹೇಳಿದ್ರೆ ಕೇಳು."

"ಕಡಲು ಶಾಂತ, ದೋಣಿ ತುಂಬಿ ಬಂದಿದೆ ಅಂತ ಹೇಳಿದ್ರಲ್ಲ, ಯಾರು ಹೇಳಿದ್ದು ನಿಮಗೆ?"

"ನೀನು ಹೊಸದಾಗಿ ಮೆಸ್ ಇಟ್ಟಿದ್ದೆ. ಎರಡು ತಿಂಗಳು ಬಾಗಿಲು ಹಾಕಿದ್ರೆ ಮತ್ತೆ ತೆಗೀತಿದ್ಯಾ ನೀನು?"

"ಅದನ್ನ ನಾನು ಯೋಚನೆ ಮಾಡ್ತಿದ್ದೆ. ಬೋರ್ಡು ನಂದು, ಅಕ್ಷರ ನಂದು. ನಿಮ್ಮ ಸುಳ್ಳನ್ನ ನನ್ನ ಕೈಲಿ ಬರೆಸಿದ್ರಿ."

ಅವರು ಪೆಟ್ಟಿಗೆಯ ಮುಚ್ಚಳ ಮುಚ್ಚಿ ಹೇಳಿದರು: "ಐಸಲ್ಲಿಟ್ಟ ಮೀನು ವಿಷ ಅಲ್ಲಮ್ಮ. ಹಳೇದು, ಅಷ್ಟೇ. ನಮ್ಮನೇಲೂ ಅದನ್ನೇ ತಿಂತೀವಿ. ನನ್ನ ಮೊಮ್ಮಕ್ಕಳಾಣೆ."

ಆ ಆಣೆಗೆ ನಾನು ಕರಗಿದೆ. ಸುಳ್ಳು ಹೇಳಿದರು ನಿಜ, ಆದರೆ ತಾವು ತಿಂದದ್ದನ್ನೇ ನನಗೂ ಕೊಟ್ಟರು ಎಂದು ಮನಸ್ಸಿಗೆ ಹೇಳಿಕೊಂಡೆ. ಗಿರಾಕಿಗಳು ಅಷ್ಟು ಸುಲಭಕ್ಕೆ ಕರಗಲಿಲ್ಲ. ಶಿಡ್ಲಘಟ್ಟದವರು ಬರುವುದನ್ನೇ ಬಿಟ್ಟರು. ಮುಂದಿನ ವರ್ಷದಿಂದ ಏಪ್ರಿಲ್ ಮಧ್ಯಕ್ಕೆ ನಾನು "ಕಡಲಿಗೆ ರಜೆ, ಕೆರೆ ಮೀನು ಮಾತ್ರ" ಎಂದು ಬರೆಯತೊಡಗಿದೆ. ಓದಿದವರು ಕೆಲವರು ಮುಗುಳ್ನಕ್ಕು ಮುಂದೆ ಹೋಗುತ್ತಿದ್ದರು. ಆ ನಗೆಯನ್ನು ನುಂಗಿಕೊಂಡೇ ಮೆಸ್ ನಡೆಸಿದೆ. ಉಳಿದ ಹತ್ತು ತಿಂಗಳು ಮೀನು ಅವರಿಂದಲೇ ತಂದೆ. ಪ್ರತಿಯೊಂದರ ಕಿವಿರನ್ನೂ ಅವರೆದುರೇ ಎತ್ತಿ ನೋಡುತ್ತಿದ್ದೆ. ಅವರು ಬೇರೆಲ್ಲೋ ನೋಡುತ್ತಿದ್ದರು. ಆದರೂ ಚೆಲ್ಲೆಮ್ಮ ಎನ್ನುವುದನ್ನು ಬಿಡಲಿಲ್ಲ, ನಾನೂ ಅಣ್ಣ ಎನ್ನುವುದನ್ನು ಬಿಡಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಅಂಗಡಿ ಬಾಗಿಲು ಎಳೆಯುತ್ತಿರುವಾಗಲೇ ಮೀನಿನಣ್ಣ ಕುಸಿದು ಬಿದ್ದು ತೀರಿಕೊಂಡರು. ಎದೆಯ ಕಾಯಿಲೆ ಇತ್ತೆಂದು ಯಾರಿಗೂ ಹೇಳಿರಲಿಲ್ಲ. ಸುದ್ದಿ ಕೇಳಿ ನಾನು ಬಾಯಿ ಬಡಿದುಕೊಂಡು ಅತ್ತೆ. ಅಷ್ಟು ಅಳು ಎಲ್ಲಿತ್ತೋ ಗೊತ್ತಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ, ಹೋದವರಿಗೆ ಇಷ್ಟವಾದ ಅಡುಗೆ ಮಾಡಿ ಫೋಟೋದ ಮುಂದೆ ಎಡೆ ಇಡುವುದು ಅವರ ಮನೆಯಲ್ಲೂ ಇದೆ, ನಮ್ಮಲ್ಲೂ ಇದೆ. ಅವರ ಹೆಂಡತಿ ನನಗೆ ಹೇಳಿ ಕಳಿಸಿದರು. ಅವರನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. "ನಿಮ್ಮಣ್ಣನಿಗೆ ನಿನ್ನ ಕೈ ಮೀನಿನ ಸಾರು ಅಂದ್ರೆ ಪ್ರಾಣ. ನೀನೇ ಬಂದು ಮಾಡ್ಬೇಕಮ್ಮ."

ಹೋದೆ. ಅಡುಗೆಮನೆಯಲ್ಲಿ ಬುಟ್ಟಿ ತೆಗೆದು ನೋಡಿದರೆ ಕಾಟ್ಲಾ ಮೀನು, ಇನ್ನೂ ಬಾಲ ಬಡಿಯುತ್ತಿತ್ತು. "ಕೆರೇದಾ ಅತ್ತಿಗೆ?" ಎಂದು ಕೇಳಿದೆ. ಜೀವಮಾನವೆಲ್ಲ ಕಡಲ ಮೀನು ಮಾರಿದವರ ಎಡೆಗೆ ಕೆರೆ ಮೀನೇ ಎಂದು ಆಶ್ಚರ್ಯ, ಅಷ್ಟೇ.

ಅತ್ತಿಗೆ ಹುಣಸೆಹಣ್ಣು ಕಿವುಚುತ್ತಾ ಹೇಳಿದರು: "ಈ ಎರಡು ತಿಂಗಳು ಕಡಲ ಮೀನು ನಮ್ಮನೆ ಹೊಸ್ಲು ದಾಟೋಕೆ ಬಿಡ್ತಿರ್ಲಿಲ್ಲಮ್ಮ ನಿಮ್ಮಣ್ಣ. ಐಸಲ್ಲಿ ಎಷ್ಟು ದಿನ ಬಿದ್ದಿರುತ್ತೋ ಏನೋ, ಮಕ್ಕಳಿರೋ ಮನೆ, ಬೇಡ ಅಂತಿದ್ರು. ಮದುವೆ ಆದಾಗಿಂದ್ಲೂ ಹಂಗೇ. ಒಂದು ತುಂಡೂ ತಂದೋರಲ್ಲ."

ಗಂಡನ ಬಗ್ಗೆ ಹೆಮ್ಮೆಯಿಂದ ಹೇಳಿದ ಮಾತು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ.

ಮಕ್ಕಳಿರುವ ಮನೆ. ನನ್ನದೂ ಮಕ್ಕಳಿರುವ ಮನೆಯೇ ಆಗಿತ್ತು. ಪಾಪುಗೆ ಎಂದು ಬಂದ ಪೊಟ್ಟಣವನ್ನು ನನ್ನ ಕೈಯಾರೆ ಹುರಿದು, ಉಫ್ ಉಫ್ ಎಂದು ಆರಿಸಿ ಬಾಯಿಗಿಟ್ಟಿದ್ದೇನೆ. ಆ ಬೇಸಿಗೆಗಳಲ್ಲಿ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಮಾವಿನಹಣ್ಣು ತಿಂದು ತಿಂದು ಹೀಗಾಯಿತೆಂದು ಅವಳಿಗೇ ಎರಡೇಟು ಕೊಟ್ಟಿದ್ದೆ. ಮೀನಿನಿಂದಲೇ ಬಂತೆಂದು ನಾನು ಸಾಬೀತು ಮಾಡಲಾರೆ. ಅಲ್ಲವೆಂದು ಹೇಳಲು ಇನ್ನು ಯಾರೂ ಇಲ್ಲ. ಆಣೆ ಇಟ್ಟ ಮೊಮ್ಮಕ್ಕಳು ಹೊರಗೆ ಅಂಗಳದಲ್ಲಿ ಗುಂಡುಗುಂಡಗೆ ಬೆಳೆದು ಆಡಿಕೊಂಡಿದ್ದವು. ಅವುಗಳ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ಕೋಪಕ್ಕೆ ಅಡುಗೆ ಕೆಡಿಸುವವಳಲ್ಲ ನಾನು. ಮೆಂತ್ಯವನ್ನು ಹದವಾಗಿ ಹುರಿದೆ, ಸಾರು ಕುದಿ ಬಂದ ಮೇಲೆ ಮೀನು ಬಿಟ್ಟೆ, ಸೌಟು ಹಾಕದೆ ಪಾತ್ರೆಯನ್ನೇ ಅಲುಗಿಸಿದೆ. ಇದೆಲ್ಲ ಅವರು ಹೇಳಿಕೊಟ್ಟದ್ದು. ಇವತ್ತು ನನ್ನ ಮನೆ ನಡೆಯುತ್ತಿರುವುದು, ಮಗಳು ಓದುತ್ತಿರುವುದು ಅವರು ಕಲಿಸಿದ ವಿದ್ಯೆಯಿಂದ. ಅದನ್ನು ಇಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬೀಳಲಿ.

ಎಡೆ ಇಟ್ಟೆವು. ಒಬ್ಬೊಬ್ಬರಾಗಿ ಹೋಗಿ ಧೂಪ ಹಾಕಿ ಕೈಮುಗಿದರು. ಆಮೇಲೆ ಅತ್ತಿಗೆ ಊಟಕ್ಕೆ ಎಲೆ ಹಾಕಿ, ನೀರು ಚಿಮುಕಿಸಿ, ಎಲ್ಲರಿಗಿಂತ ಮೊದಲು ನನ್ನ ಕೈ ಹಿಡಿದು ಎಳೆದರು.

"ಬಾರಮ್ಮ, ಮನೆ ಮಗಳು ನೀನು. ನೀನು ಕೂರದೆ ಯಾರು ಕೂರ್ತಾರೆ?"

ತಿಥಿಯ ಮನೆಯಲ್ಲಿ ಉಣ್ಣದೆ ಎದ್ದು ಹೋದರೆ ಆ ಮನೆಯ ಸಂಬಂಧ ಹರಿದುಕೊಂಡಂತೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಅತ್ತಿಗೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡೆ. ಒಳಗೆ ಹೋಗಿ, ವಿದ್ಯೆ ಕೊಟ್ಟದ್ದಕ್ಕೆ ಅವರ ಫೋಟೋಗೆ ಇನ್ನೊಮ್ಮೆ ಕೈಮುಗಿದೆ. ಎಲೆಯ ಮುಂದೆ ಕೂರಲು ಮಾತ್ರ ನನ್ನಿಂದ ಆಗಲಿಲ್ಲ.